ಬ್ರಾಕೆಟ್ ಬಿಚ್ಚಿದ ಹೆಡರ್

ಕೋವಿಡ್ ಮುಗಿದ ಮರುವರ್ಷದ ಮಾತು. ಶಹಾಪುರದಿಂದ ಭೀಮರಾಯನಗುಡಿಗೆ ಹೋಗುವ ರಸ್ತೆಯಲ್ಲಿ ನಾನು ಮತ್ತು ಶರಣಪ್ಪ ಕೂಡಿ ಒಂದು ವೆಲ್ಡಿಂಗ್ ವರ್ಕ್‌ಶಾಪ್ ನಡೆಸುತ್ತಿದ್ದೆವು. ಶರಣಪ್ಪ ಸುರಪುರದವನು, ಮೆಕ್ಯಾನಿಕ್. ಐಟಿಐಯಲ್ಲಿ ನನಗಿಂತ ಒಂದು ವರ್ಷ ಮುಂದಿದ್ದ. ನಾನು ವೆಲ್ಡರ್. ಅದಕ್ಕೂ ಮೊದಲು ಒಂದು ಹಾಲಿನ ಡೇರಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಪೈಪು ಬೆಸೆಯುವ ಕೆಲಸದಲ್ಲಿದ್ದೆ; ಗ್ಯಾಸಿನ ಆಸರೆಯಲ್ಲಿ ನಾಜೂಕಾಗಿ ಬೆಸೆಯುವ ಟಿಗ್ ವೆಲ್ಡಿಂಗ್ ನನ್ನ ಕೈಗೆ ಹತ್ತಿದ್ದು ಅಲ್ಲಿಯೇ.

ಆ ನೌಕರಿ ಬಿಡಿಸಿದವನು ಶರಣಪ್ಪ. ಹೆಣ್ಣುಮಗಳು ರಸ್ತೆ ಬದಿ ಅಂಗಡಿ ಹಾಕುವುದು ಅಪ್ಪನಿಗೆ ಇಷ್ಟವಿರಲಿಲ್ಲ. ಶರಣಪ್ಪ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತು, "ಮಾದೇವಿ ನನಗ ತಂಗಿ ಇದ್ದಂಗ ರೀ ಕಾಕಾ. ಆಕಿ ಕೈ ನೋಡೀರಿಲ್ಲೋ, ಇಂಥಾ ಕೈ ಇಡೀ ಜಿಲ್ಲಾದಾಗ ಇಲ್ಲ" ಎಂದು ಒಪ್ಪಿಸಿದ. ಅಂದಿನಿಂದ ನನಗೆ ಅವನು ಅಣ್ಣನೇ. ಗಿರಾಕಿಗಳ ಜೊತೆ ಮಾತುಕತೆ, ಗಾಡಿಗೆ ಸಾಮಾನು ಜೋಡಿಸುವುದು ಅವನ ಪಾಲು. ಬೆಸೆಯುವುದು ನನ್ನ ಪಾಲು.

ಟ್ರ್ಯಾಕ್ಟರ್ ಟ್ರೇಲರ್, ಗೇಟು, ಹತ್ತಿ ಜಿನ್ನಿಂಗ್ ಮಿಲ್ಲಿನ ಪೈಪು ಇವೇ ನಮ್ಮ ದಿನದ ಕೆಲಸ. ಹೀಗಿರುವಾಗ ಯಾದಗಿರಿಯ ಚಂದ್ರಕಾಂತ ಎಂಬವರ ಕಾರು ಬಂತು. ಅವರದು ಬಳಿಚಕ್ರ ಎಂಬ ಊರಿನ ಕಡೆ ಒಂದು ಜಿನ್ನಿಂಗ್ ಮಿಲ್ಲು. ಕಾರಿನ ಹುಚ್ಚು ಬಹಳ. ಹಳೆಯದೊಂದು ಚಿಕ್ಕ ಕಾರಿಗೆ ಟರ್ಬೊ ಕೂಡಿಸಿ ರೇಸಿಗೆ ಒಯ್ಯಬೇಕೆಂದಿದ್ದರು. ಎಂಜಿನ್ ಉಗುಳುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ ಟರ್ಬೊ. ನಾಲ್ಕು ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಅದಕ್ಕೆ ಮುಟ್ಟಿಸುವ ಪೈಪುಗಳ ಗೊಂಚಲಿಗೆ ಹೆಡರ್ ಎನ್ನುತ್ತಾರೆ. ಆ ಕಾರಿಗೆ ಹೊಂದುವಂಥದ್ದು ಎಲ್ಲಿಯೂ ಸಿಗುವುದಿಲ್ಲ, ಕೈಯಿಂದಲೇ ಮಾಡಬೇಕು.

ಅಂಥ ಕೆಲಸ ನಾನು ಅದುವರೆಗೆ ಮಾಡಿರಲಿಲ್ಲ. ಆದರೆ ಪೈಪು ಪೈಪೇ. ದಪ್ಪ ಗೋಡೆಯ, ಬಾಗಿಸಿದ ಸ್ಟೇನ್‌ಲೆಸ್ ಪೈಪು ತುಂಡುಗಳನ್ನು ತರಿಸಿ, ನಾಲ್ಕೂ ದಾರಿಗಳ ಉದ್ದ ಸಮ ಬರುವಂತೆ ಕತ್ತರಿಸಿ, ಎಂಜಿನ್ ಮೇಲೆಯೇ ಕೂಡಿಸಿ ನೋಡಿದೆ. ಬೆಸೆಯುವಾಗ ಪೈಪಿನ ಒಳಗೂ ಆರ್ಗಾನ್ ಗ್ಯಾಸ್ ತುಂಬಬೇಕು. ಇಲ್ಲದಿದ್ದರೆ ಒಳಮೈ ಸುಟ್ಟು ಸಕ್ಕರೆ ಹರಳಿನಂತೆ ಉಬ್ಬುತ್ತದೆ, ಮುಂದೆ ಅಲ್ಲಿಂದಲೇ ಬಿರಿಯುತ್ತದೆ. ಪೈಪುಗಳನ್ನು ಎಂಜಿನ್ನಿಗೆ ಬೋಲ್ಟು ಹಾಕಿ ಕೂಡಿಸುವ ಪಟ್ಟಿ, ಅಂದರೆ ಫ್ಲ್ಯಾಂಜು, ಕಾವಿಗೆ ಸೊಟ್ಟಗಾಗದಂತೆ ದಪ್ಪ ಪ್ಲೇಟಿಗೆ ಬಿಗಿದು, ಒಂದು ತುದಿ ಬೆಸೆದರೆ ಇನ್ನೊಂದು ತುದಿಗೆ ಹಾರಿ, ಆರಲು ಬಿಟ್ಟು ಮುಗಿಸಿದೆ. ಟರ್ಬೊ ಭಾರವಾದ ಸಾಮಾನು. ಅದರ ಭಾರವೆಲ್ಲ ಕೆಂಪಗೆ ಕಾಯುವ ಪೈಪುಗಳ ಮೇಲೆ ಬೀಳಬಾರದೆಂದು ಕೆಳಗಿನಿಂದ ಎಂಜಿನ್ ಬ್ಲಾಕಿಗೆ ಒಂದು ಬ್ರಾಕೆಟ್ ಕೊಟ್ಟೆ. ಕಾವಿಗೆ ಹಿಗ್ಗಲು ಜಾಗವಿರಲಿ ಎಂದು ಅದರ ಬೋಲ್ಟ್ ತೂತನ್ನು ಉದ್ದ ಮಾಡಿದೆ. "ಅಣ್ಣಾ, ಇದು ಇಲ್ಲದ ಗಾಡಿ ಓಡಿಸಬಾರದು" ಎಂದು ಶರಣಪ್ಪನಿಗೆ ಹೇಳಿದೆ. "ಗೊತ್ತದ ಬಿಡು" ಎಂದ.

ಕಾರನ್ನು ಮೊದಲ ಸಲ ಓಡಿಸುವ ದಿನ ನಾನೂ ಬರುತ್ತೇನೆಂದೆ. "ಅಲ್ಲಿ ಬರೇ ಗಂಡಸ್ರು ಇರ್ತಾರ, ನಿನಗ ಬ್ಯಾಸರಾಗ್ತದ" ಎಂದು ಅವನೊಬ್ಬನೇ ಹೋದ. ಸಂಜೆ ಮಿಠಾಯಿ ತಂದು, ಕಾರು ಗುಂಡಿನಂತೆ ಓಡಿತೆಂದು ಕೈ ಬೀಸಿ ಬೀಸಿ ವರ್ಣಿಸಿದ. ಆ ಹೆಡರ್ ನೋಡಿ ಬೇರೆ ಊರಿನಿಂದ ಇನ್ನಿಬ್ಬರು ಬಂದರು. ಅವರಿಗೂ ಮಾಡಿಕೊಟ್ಟೆ. ಅಷ್ಟು ಖುಷಿಯಿಂದ ನಾನು ಹಿಂದೆಂದೂ ಕೆಲಸ ಮಾಡಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಪಕ್ಕದ ಟೈರ್ ಅಂಗಡಿಯವರು, ಚಂದ್ರಕಾಂತರ ಕಾರಿಗೆ ಬೆಂಕಿ ಹತ್ತಿತಂತೆ, ಕೈ ಸುಟ್ಟಿದೆಯಂತೆ ಎಂದರು. ಶರಣಪ್ಪ ನನಗೆ ಏನೂ ಹೇಳಿರಲಿಲ್ಲ. ಫೋನೂ ಎತ್ತಲಿಲ್ಲ. ನಾನು ಬಸ್ಸು ಹಿಡಿದು ಯಾದಗಿರಿಯ ಆಸ್ಪತ್ರೆಗೆ ಹೋದೆ.

ಚಂದ್ರಕಾಂತರು ಬಲಗೈಗೆ ಬ್ಯಾಂಡೇಜ್ ಸುತ್ತಿಸಿಕೊಂಡು ಮಲಗಿದ್ದರು. ಪಕ್ಕದಲ್ಲಿ ಅವರ ತಮ್ಮ. ಮಾತುಕತೆಯೆಲ್ಲ ಶರಣಪ್ಪನದೇ ಆಗಿದ್ದರಿಂದ ಅವರು ನನ್ನನ್ನು ನೋಡಿರಲಿಲ್ಲ; ವರ್ಕ್‌ಶಾಪಿನಿಂದ ಬಂದೆ ಎಂದೆ.

"ಶರಣಪ್ಪನ ಮನಿಯವರೇನ್ರಿ?" ಎಂದು ಚಂದ್ರಕಾಂತರು ಕೇಳಿದರು.

"ಅಲ್ರಿ."

"ಅವನ ಮ್ಯಾಲ ಸಿಟ್ಟಿಲ್ಲ ನನಗ. ಉಳಿದ ಗಾಡಿದೆಲ್ಲಾ ತಾನೇ ವೆಲ್ಡ್ ಮಾಡ್ಯಾನಂತ. ನಂದು ಒಂದು ಮಾತ್ರ ಅಂಗಡ್ಯಾಗಿನ ಹೆಣ್ಮಗಳ ಕೈಯಾಗ ಕೊಟ್ಟಿದ್ನಂತ. ತಪ್ಪಾಯ್ತು ಅಂತ ಕೈಮುಗದ ಪಾಪ."

ಮಂಚದ ಹತ್ತಿರಕ್ಕೆ ಹೋದೆ.

"ಆ ಹೆಣ್ಮಗಳು ನಾನೇ ರೀ. ಮೂರೂ ನಾನೇ ಮಾಡೇನಿ. ಗಾಡಿ ಒಮ್ಮೆ ನೋಡಾಕ ಬಿಡ್ರಿ."

ಅವರು ನನ್ನ ಕೈ ಮೇಲಿನ ಸುಟ್ಟ ಕಲೆಗಳನ್ನು ನೋಡಿದರು. ಆಮೇಲೆ ತಮ್ಮನಿಗೆ, "ಕರ್ಕೊಂಡು ಹೋಗಿ ತೋರ್ಸು" ಎಂದರು.

ಮಿಲ್ಲಿನ ಶೆಡ್ಡಿನಲ್ಲಿ ಕಾರು ಕರಕಲಾಗಿ ನಿಂತಿತ್ತು. ಬಗ್ಗಿ ನೋಡಿದೆ. ಬೆಸುಗೆ ಗಟ್ಟಿಯಾಗಿಯೇ ಇತ್ತು. ಫ್ಲ್ಯಾಂಜಿನ ಪಕ್ಕದಲ್ಲಿ ಪೈಪೇ ಸೀಳಿತ್ತು. ಆ ಸೀಳಿನಿಂದ ನುಗ್ಗಿದ ಬೆಂಕಿಯಂಥ ಹೊಗೆ ಪೆಟ್ರೋಲಿನ ರಬ್ಬರ್ ಪೈಪಿಗೆ ತಗಲಿತ್ತು. ಕೆಳಗೆ ಬ್ಲಾಕಿನಲ್ಲಿ ಬ್ರಾಕೆಟ್ಟಿನ ಬೋಲ್ಟು ಇರಬೇಕಾದ ತೂತುಗಳು ಖಾಲಿಯಾಗಿದ್ದವು. ಟರ್ಬೊ ಅಷ್ಟು ತಿಂಗಳು ಪೈಪುಗಳಿಗೆ ಜೋತುಬಿದ್ದೇ ಓಡಿತ್ತು. ಚಂದ್ರಕಾಂತರ ತಮ್ಮನಿಗೆ ಕೈ ಇಟ್ಟು ತೋರಿಸಿದೆ. ಅವರು ತೂತಿನಲ್ಲಿ ಬೆರಳಾಡಿಸಿ ನೋಡಿದರು.

ಶಹಾಪುರಕ್ಕೆ ಮರಳಿದಾಗ ಶರಣಪ್ಪ ಅಂಗಡಿಯಲ್ಲಿದ್ದ.

"ಬ್ರಾಕೆಟ್ ಎಲ್ಲದ?" ಎಂದೆ.

"ಗಾಳಿ ಪೈಪಿಗಿ ಅಡ್ಡ ಬರಾಕತ್ತಿತ್ತು. ಬಿಚ್ಚಿದೆ."

"ನನಗ ಹೇಳಬೇಕಿತ್ತಲ್ಲ."

"ಹೇಳಿದ್ರ ಮತ್ತ ಹೊಸಾದು ಮಾಡ್ತೀನಿ ಅಂತ ಕುಂದರ್ತಿದ್ದಿ. ಅವರಿಗಿ ಅವಸರ ಇತ್ತು."

"ಮತ್ತ ಎಲ್ಲಾ ನೀನೇ ವೆಲ್ಡ್ ಮಾಡ್ತಿ ಅಂತ ಯಾಕ ಹೇಳಿದಿ?"

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಹೆಣ್ಮಗಳು ಮಾಡ್ಯಾಳ ಅಂದ್ರ ಇಂಥಾ ಗಾಡಿ ಯಾರು ಕೊಡ್ತಾರ ಮಾದೇವಿ? ನಿನ್ನ ಸಲುವಾಗೇ ಹೇಳಿದ್ದು."

"ಸುಟ್ಟಾಗ ಮಾತ್ರ ನನ್ನ ಹೆಸರು ನೆನಪಾತಲ್ಲ, ಅಣ್ಣಾ."

ಉಳಿದೆರಡು ಗಾಡಿಗಳಿಗೆ ಬ್ರಾಕೆಟ್ ಹಾಕಿದ್ದೀಯಾ ಎಂದು ಕೇಳಿದೆ. ಅವನು ಕೆಳಗಿಟ್ಟ ಸ್ಪ್ಯಾನರ್ ಎತ್ತಿ ಒರೆಸತೊಡಗಿದ. ಅವನ ಎದುರಿಗೇ ಇಬ್ಬರು ಮಾಲೀಕರಿಗೂ ಫೋನ್ ಮಾಡಿ, ನಾನೇ ನಿಮ್ಮ ಹೆಡರ್ ಬೆಸೆದವಳು, ಬಂದು ನೋಡುವ ತನಕ ಗಾಡಿ ಓಡಿಸಬೇಡಿ ಎಂದೆ. ಒಬ್ಬರು ನಕ್ಕು ಫೋನ್ ಇಟ್ಟರು. ಮರುದಿನ ಅವರ ಮನೆಗೇ ಹೋದೆ. ಬಾನೆಟ್ ತೆಗೆಸಿ ನೋಡಿದರೆ ಫ್ಲ್ಯಾಂಜಿನ ಪಕ್ಕ ಕೂದಲಿನಷ್ಟು ತೆಳ್ಳನೆಯ ಗೀರು ಆಗಲೇ ಮೂಡಿತ್ತು. ಆ ಪೈಪು ಬದಲಿಸಿ, ಎರಡೂ ಗಾಡಿಗಳಿಗೆ ಬ್ರಾಕೆಟ್ ಕೂಡಿಸಿಕೊಟ್ಟೆ.

ಆ ವಾರವೇ ನನ್ನ ವೆಲ್ಡಿಂಗ್ ಮಷೀನು, ಗ್ಯಾಸ್ ಸಿಲಿಂಡರು ಎತ್ತಿಕೊಂಡು ಹೊರಬಿದ್ದೆ. ಚಂದ್ರಕಾಂತರ ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಅವರು ಮತ್ತೆ ರೇಸಿಗೆ ಹೋಗಲಿಲ್ಲ. ಶರಣಪ್ಪ ಸುರಪುರದಲ್ಲಿ ಗ್ಯಾರೇಜ್ ಇಟ್ಟಿದ್ದಾನೆ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾಗಿ, "ಆರಾಮ ಇದ್ದೀಯೇನು?" ಎಂದ. ಹೌದೆಂದು ಬಸ್ಸು ಹತ್ತಿದೆ. ಸಿಟ್ಟಿಗಿಂತ ಹೆಚ್ಚಾಗಿ, ಆ ಮಿಠಾಯಿಯನ್ನು ಅವನು ಯಾವ ಮನಸ್ಸಿನಿಂದ ತಂದಿದ್ದ ಎಂಬುದೇ ನನಗೆ ಇನ್ನೂ ತಿಳಿಯದು.

ನಮ್ಮ ಕೆಲಸದ ಬಗ್ಗೆ ಮಾತಾಡುವ ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟರೆ, ಆ ಕೆಲಸವೂ ಅವರದ್ದೇ ಆಗಿಬಿಡುತ್ತದೆ. ಈ ವೃತ್ತಿ ನನಗೆ ಕಲಿಸಿದ್ದು ಇದು. ಈಗ ನನ್ನದೇ ಅಂಗಡಿಗೆ ಹೊಸ ಗಿರಾಕಿ ಬಂದರೆ ಅವರ ಕೈಗೆ ಒಂದು ವೆಲ್ಡಿಂಗ್ ಹೆಲ್ಮೆಟ್ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೊದಲ ಬೆಸುಗೆ ಹಾಕುತ್ತೇನೆ. ಹೆಲ್ಮೆಟ್ ತೆಗೆದ ಮೇಲೆ, ಬೆಸೆಯುವವಳು ಹೆಣ್ಣುಮಗಳೆಂದು ಕಂಡ ಕೆಲವರು ಇನ್ನೊಂದು ದಿನ ಬರುತ್ತೇವೆಂದು ಹೊರಟುಬಿಡುತ್ತಾರೆ. ನಾನು ತಡೆಯುವುದಿಲ್ಲ. ಉಳಿದವರ ಗಾಡಿಗೆ ನಾನೇ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತೇನೆ.