ತಾಟು ಬಂದ ಮೇಲೆ ಸೂಜಿ

ಶರಣು, ಗೌರಿ,

ಮೊನ್ನೆ ಗೌರಿಯ ಮೊಣಕಾಲು ತರಚಿದಾಗ ನಿಮ್ಮಮ್ಮ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದಳಲ್ಲ, ಆಗ ನಾನು ಪಡಸಾಲೆಯಲ್ಲಿ ಕೂತು ವಿಭೂತಿ ಹಚ್ಚಿಕೊಳ್ಳುತ್ತಿದ್ದೆ. ಸ್ಪಿರಿಟ್‌ ಮತ್ತು ವಿಭೂತಿ, ಆ ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಂದು ಎಷ್ಟೋ ವರ್ಷಗಳಾಗಿದ್ದವು. ಗೌರಿ ಅಳುತ್ತಿದ್ದರೂ ನನಗೆ ಅದು ಕಿವಿಗೆ ಬೀಳಲಿಲ್ಲ. ನಾನು ಚಿತ್ತವಾಡ್ಗಿಯ ಹಳೆಯ ಮನೆಗೆ ಹೋಗಿಬಿಟ್ಟಿದ್ದೆ, ಎದುರುಮನೆಯ ನರ್ಸಮ್ಮನ ಹತ್ತಿರ...

ಬಾಯಿಬಿಟ್ಟು ಹೇಳುವುದು ನನ್ನಿಂದ ಆಗುವುದಿಲ್ಲ, ನಿಮಗೆ ಗೊತ್ತು. ಎಮ್ಮಿಗನೂರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತದ್ದು ಇಂಥದ್ದಕ್ಕಾದರೂ ಬರಲಿ ಎಂದು ಬರೆಯುತ್ತಿದ್ದೇನೆ.

ನರ್ಸಮ್ಮ ಸಂಡೂರಿನ ಕಡೆಯವಳು. ಎದುರುಮನೆಯ ಮುಂದಿನ ಕೋಣೆಯಲ್ಲಿ ಒಬ್ಬಳೇ ಬಾಡಿಗೆಗೆ ಇದ್ದಳು. ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ಕೆಲಸ. ರಜೆಯ ದಿನ ಕಟ್ಟೆಯ ಮೇಲೆ ಕೂತು ಇಟ್ಟಿಗೆಯಂಥ ಇಂಗ್ಲಿಷ್ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ತನ್ನಷ್ಟಕ್ಕೆ ತಾನೇ ಮಾತಾಡುತ್ತಿದ್ದಳು. ಬಾಗಿಲ ಮರೆಯಲ್ಲಿ ಅಕ್ಕಿ ಆರಿಸುತ್ತ ನಾನು ಕೇಳಿಸಿಕೊಳ್ಳುತ್ತಿದ್ದೆ. ‘ಮುದುಕ ಮತ್ತ ಯಾಕ ಬಿದ್ದ? ಮನ್ಯಾಗ ಯಾರ್ಯಾರದಾರ? ಇವರಾಗ ಸುಳ್ಳು ಹೇಳೋರು ಯಾರು?’

ನಾನು ಅಕ್ಕಿಯ ಮೊರ ಕೆಳಗಿಟ್ಟೆ. ಯಾಕೆಂದರೆ ನಮ್ಮ ಮನೆಯಲ್ಲೂ ಒಬ್ಬರು ಬಿದ್ದಿದ್ದರು.

ನಿಮ್ಮ ಅಜ್ಜ ಕಂಪ್ಲಿಯ ಅಕ್ಕಿ ಗಿರಣಿಯ ಕೆಲಸ ಬಿಟ್ಟು ಮನೆಯಲ್ಲಿದ್ದ ಕಾಲ ಅದು. ಸಕ್ಕರೆ ಕಾಯಿಲೆಗೆ ದಿನಾ ಇನ್ಸುಲಿನ್ ಸೂಜಿ. ಆದರೂ ಕೆಲವು ದಿನ ಮುಂಜಾನೆ ಪೂಜೆಗೆ ಕೂತಲ್ಲೇ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಎರಡು ಸಲ ಹಾಗೇ ಪಕ್ಕಕ್ಕೆ ಉರುಳಿದ್ದರು. ಎರಡು ಸಲವೂ ಆಸ್ಪತ್ರೆಗೆ ಒಯ್ದು, ಬದುಕಿಸಿಕೊಂಡು ತಂದದ್ದಾಗಿತ್ತು. ಇನ್ನೊಮ್ಮೆ ಹೀಗಾದರೆ ಏಳುವುದು ಕಷ್ಟ ಎಂದು ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಸೂಜಿ ಸರಿಯಾಗಿ ತಗೋತಾರಾ ಎಂದು ಕೇಳಿದರು, ಹೌದು ಎಂದೆ. ಊಟ ಮಾಡ್ತಾರಾ ಎಂದರು, ಮಾಡ್ತಾರೆ ಎಂದೆ. ಎರಡೂ ನಿಜವೇ ಆಗಿತ್ತು.

ಎರಡನೆಯ ಸಲ ಮನೆಗೆ ಬಂದ ಮೇಲೆ ನರ್ಸಮ್ಮ ನೋಡಲು ಬಂದಳು. ಬಂದವಳು ಎಲ್ಲರ ಹಾಗೆ ಕೂತು, ಚಹಾ ಕುಡಿದು ಹೋಗಲಿಲ್ಲ. ಸೂಜಿ ಔಷಧಿ ಎಲ್ಲಿಡ್ತೀರಿ, ಕಪಾಟಿನ ಕೀಲಿ ಯಾರ ಹತ್ತಿರ, ಬಚ್ಚಲಿಗೆ ಎಷ್ಟು ಮೆಟ್ಟಿಲು, ಅಜ್ಜ ಯಾರ ಮಾತು ಕೇಳ್ತಾರೆ... ಮನೆಯ ಒಳಗನ್ನು ಹೀಗೆ ಕೆದಕುವವಳಿಗೆ ಏನು ಬೇಕಾಗಿರುತ್ತದೆ? ಅವಳು ಹೋದ ಮೇಲೆ ಕಪಾಟಿನ ಬೀಗ ಜಗ್ಗಿ ನೋಡಿದೆ. ಅದೇನು ಒಂದು ದಿನದ ಮಾತಲ್ಲ, ಅವಳು ಬಂದಾಗಲೆಲ್ಲ ನೋಡುತ್ತಿದ್ದೆ.

ಪಕ್ಕದ ಮನೆಯಾಕೆಯಂತೂ ಬೆಂಕಿಗೆ ಎಣ್ಣೆ ಹೊಯ್ಯುವುದಕ್ಕೇ ಹುಟ್ಟಿದವಳು. ‘ಆಸ್ಪತ್ರಿಯವ್ರು ಈಗ ಓಣಿಗೊಬ್ರನ್ನ ಬಿಟ್ಟಾರಂತಬೇ, ಗಿರಾಕಿ ಹಿಡಿಯಾಕ. ನಿನ್ನ ಗಂಡನ್ನ ಆಗ್ಲೇ ಬುಕ್ ಮಾಡ್ಯಾಳ ನೋಡು’ ಎಂದಳು. ನಾನು ನಗಲಿಲ್ಲ.

ಒಂದು ದಿನ ನರ್ಸಮ್ಮನೇ ಹೇಳಿದಳು, ಅವಳು ಒಂದು ಸರ್ಟಿಫಿಕೇಟ್ ಪರೀಕ್ಷೆಗೆ ಓದುತ್ತಿದ್ದಳಂತೆ. ರೋಗಿ ಮನೆಗೆ ಹೋದ ಮೇಲೆ ಅವನ ಔಷಧಿ, ಊಟ, ಓಡಾಟ, ಮನೆಯವರು, ಎಲ್ಲ ಒಂದಕ್ಕೊಂದು ಹೊಂದಿಕೊಳ್ಳುತ್ತವೋ ಇಲ್ಲವೋ ನೋಡಿ, ಅವನು ಮತ್ತೆ ಆಸ್ಪತ್ರೆಯಲ್ಲಿ ಮಲಗದ ಹಾಗೆ ಮಾಡುವ ಕೆಲಸ. ಅದಕ್ಕೆ ಕೇಸ್ ಮ್ಯಾನೇಜ್‌ಮೆಂಟ್ ಎಂದು ಹೆಸರು. ಕಟ್ಟೆಯ ಮೇಲೆ ಅವಳು ಮಾತಾಡುತ್ತಿದ್ದದ್ದು ಪುಸ್ತಕದ ಮುದುಕರ ಬಗ್ಗೆ. ಇದನ್ನು ಕೇಳಿ ನನ್ನ ಅನುಮಾನ ಹೋಗಲಿಲ್ಲ, ಬಣ್ಣ ಬದಲಿಸಿತು ಅಷ್ಟೆ. ಹಾಗಾದರೆ ನಾವು ಇವಳಿಗೆ ಪಾಠವೋ?

ಆಮೇಲೆ ಅವಳು ಕೇಳಿದ್ದು ನನಗೆ ಇನ್ನೂ ವಿಚಿತ್ರವೆನಿಸಿತು. ‘ಅಮ್ಮಾರ, ಒಂದು ಸೋಮವಾರ ಅಜ್ಜಾರು ಏಳೋದ್ರಿಂದ ನಾಷ್ಟಾ ಮಾಡೋತನಕ ನಿಮ್ಮ ಮನ್ಯಾಗ ಕುಂದ್ರಲೇನ್ರಿ? ಏನೂ ಮಾತಾಡಂಗಿಲ್ಲ.’

ಪೂಜೆಯ ಹೊತ್ತಿನಲ್ಲಿ ಹೊರಗಿನವಳೊಬ್ಬಳು ಮನೆಯಲ್ಲಿ ಕೂರುವುದೆಂದರೇನು? ನಾನು ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ನಿಮ್ಮ ಅಜ್ಜ ಒಳಗಿನಿಂದ, ‘ಬರ್ಲಿ ಬಿಡು, ನಾನೇನು ಕದ್ದು ಪೂಜಿ ಮಾಡ್ತೀನೇನು?’ ಎಂದರು.

ಸೋಮವಾರ ಬೆಳಕು ಹರಿಯುವಾಗ ಬಂದು ಹೊಸ್ತಿಲ ಹತ್ತಿರ ಕೂತಳು. ಅಜ್ಜ ಎದ್ದರು. ಹೊಟ್ಟೆಗೆ ಸೂಜಿ ಚುಚ್ಚಿಕೊಂಡರು. ಸ್ಪಿರಿಟ್‌ ಹತ್ತಿಯಿಂದ ಒರೆಸಿಕೊಂಡರು. ಆಮೇಲೆ ಜಳಕ, ಮಡಿ, ವಿಭೂತಿ, ಅಂಗೈಯಲ್ಲಿ ಲಿಂಗ. ಲಿಂಗಪೂಜೆ ಮುಗಿಯುವ ತನಕ ಒಂದು ಹನಿ ನೀರೂ ಬಾಯಿಗೆ ಹಾಕುವವರಲ್ಲ ಅವರು. ಸೋಮವಾರವಾದರೆ ಪೂಜೆ ಇನ್ನೂ ಉದ್ದ. ನಾನು ರೊಟ್ಟಿ ಬಡಿಯುತ್ತ ಅವಳ ಮೇಲೆಯೇ ಕಣ್ಣಿಟ್ಟಿದ್ದೆ, ಅವಳು ಅಜ್ಜನ ಕೈಯ ಮೇಲೆ ಕಣ್ಣಿಟ್ಟಿದ್ದಳು. ಆ ಕೈ ಸಣ್ಣಗೆ ನಡುಗಲು ಶುರುವಾದದ್ದನ್ನು ಮೊದಲು ಕಂಡವಳು ಅವಳೇ.

‘ಅಮ್ಮಾರ, ಸಕ್ರಿ ನೀರು ತರ್ರಿ, ಜಲ್ದಿ.’

‘ಪೂಜಿ...’ ಎಂದೆ.

‘ಅಜ್ಜಾರು ಇದ್ರ ಪೂಜಿ ನಾಳಿನೂ ಐತ್ರಿ.’

ಕುಡಿಸಿದೆವು. ಬೆವರು ಆರಿದ ಮೇಲೆ ಅಜ್ಜ ಸಿಟ್ಟಾದರು. ‘ಊಟಕ್ಕ ಮೊದ್ಲು ಸೂಜಿ ಅಂದಾರ ಡಾಕ್ಟರ್. ಊಟಕ್ಕ ಮೊದ್ಲ ತಗೊಂಡೀನಿ. ಇದ್ರಾಗ ಏನು ತಪ್ಪೈತಿ?’

‘ತಪ್ಪು ಅಂತ ಯಾರಂದ್ರು? ಜಳಕಕ್ಕಿಂತ ಮೊದ್ಲ ಯಾಕ, ಅಷ್ಟು ಹೇಳ್ರಿ.’

ಅಜ್ಜ ಹೊಟ್ಟೆಯ ಮೇಲೆ ಸೂಜಿ ಚುಚ್ಚಿದ ಜಾಗ ಮುಟ್ಟಿ ತೋರಿಸಿದರು. ‘ರಕ್ತದ ಹನಿ ಬರತೈತವ್ವ. ಅದು ತೊಳದು ಹೋಗ್ಬೇಕಲ್ಲ. ರಕ್ತ ಹತ್ತಿದ ಮೈಲೆ ಲಿಂಗ ಹೆಂಗ ಹಿಡೀಲಿ?’

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದ ನನಗೂ ಆ ಕಾರಣ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಸೂಜಿಯ ಔಷಧಿ ಒಳಗೆ ರಕ್ತದ ಸಕ್ಕರೆ ಇಳಿಸುತ್ತ ತನ್ನ ಕೆಲಸ ಮಾಡುತ್ತಿತ್ತು, ಹೊಟ್ಟೆ ಮಾತ್ರ ಪೂಜೆ ಮುಗಿಯಲೆಂದು ಕಾಯುತ್ತಿತ್ತು.

‘ಹಂಗಾರ ಪೂಜಿನ ಮೊದ್ಲು ಮುಗೀಲಿ’ ಎಂದಳು ನರ್ಸಮ್ಮ. ‘ಲಿಂಗ ಕರಡಿಗಿ ಡಬ್ಬಿಯೊಳಗ ಹೋಗ್ಲಿ. ಆಮ್ಯಾಲೆ ರೊಟ್ಟಿ ತಾಟು ಬರ್ಲಿ. ತಾಟು ಕಣ್ಣಿಗೆ ಬಿದ್ದ ಮ್ಯಾಲೆ ಸೂಜಿ. ನಾಳಿ ಡಾಕ್ಟರ ಬಾಯಿಂದನ ಇದನ್ನ ಕೇಳ್ರಿ. ನನ್ನ ಮಾತೊಂದ ನಂಬಬ್ಯಾಡ್ರಿ.’

ಕೊನೆಯ ಮಾತನ್ನು ಅವಳು ನನ್ನ ಮುಖ ನೋಡಿ ಹೇಳಿದಳು. ಬೀಗ ಜಗ್ಗಿ ನೋಡುವುದು ಅವಳಿಗೆ ಕಂಡಿತ್ತೋ ಏನೋ...

ಡಾಕ್ಟರ್ ಹೌದೆಂದರು, ಸೂಜಿಯ ಅಳತೆಯನ್ನೂ ಸ್ವಲ್ಪ ಬದಲಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ವಿಭೂತಿಯ ವಾಸನೆ ಮೊದಲು, ಸ್ಪಿರಿಟ್‌ನ ವಾಸನೆ ಆಮೇಲೆ. ಅಜ್ಜ ಮತ್ತೆ ಹಾಗೆ ಬೀಳಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಒಮ್ಮೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ‘ನಮ್ಮನ್ನ ನೋಡಿ ಪರೀಕ್ಷೆಗೆ ಕಲತಿ ಏನವ್ವ?’

ಅವಳು ಮುಚ್ಚಿಡಲಿಲ್ಲ. ‘ಹೌದ್ರಿ ಅಮ್ಮಾರ. ಆ ಪುಸ್ತಕದಾಗ ಎಲ್ಲಾ ರೋಗ ಅದಾವ, ನಿಮ್ಮ ಮನಿ ಇಲ್ಲ.’

ನನಗೆ ಅದು ಹಿತವಾಗಲಿಲ್ಲ. ಒಳ್ಳೆಯದು ಮಾಡಿದಳು, ನಿಜ. ಆದರೆ ಅಜ್ಜನಿಗಾಗಿ ಮಾಡಿದಳೋ, ಪಾಸಾಗಲಿಕ್ಕೆ ಮಾಡಿದಳೋ? ಪಾಸಾಗಿ ಪೇಢೆ ತಂದುಕೊಟ್ಟಳು. ಹುಬ್ಬಳ್ಳಿಯ ಕಡೆ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಕೋಣೆ ಖಾಲಿ ಮಾಡಿದಳು. ಪರೀಕ್ಷೆ ಮುಗಿಯಿತು, ಇನ್ನು ನಾವೂ ಮುಗಿದೆವು ಅಂದುಕೊಂಡೆ.

ಮುಂದಿನ ಸೋಮವಾರ ಪೂಜೆ ಮುಗಿಯುವ ಹೊತ್ತಿಗೆ ಅಜ್ಜನ ಫೋನ್ ರಿಂಗಾಯಿತು. ‘ತಾಟು ಬಂತೇನ್ರಿ ಅಜ್ಜಾರ?’

ಅದರ ಮುಂದಿನ ಸೋಮವಾರವೂ ಬಂತು. ವಾರವಾರವೂ ಬರತೊಡಗಿತು. ನಾನಂತೂ ‘ಇನ್ನೊಂದು ಪರೀಕ್ಷೆ ಇರಬೇಕು ನೋಡ್ರಿ ಆಕಿಗೆ’ ಎಂದೆ. ಅಜ್ಜ ಬುತ್ತಿಯಂತೆ ಫೋನನ್ನು ತಾಟಿನ ಪಕ್ಕ ಇಟ್ಟುಕೊಂಡು ನಕ್ಕರು. ‘ಇದ್ರ ಇರ್ಲಿ ಬಿಡು. ಫೋನ್ ಬರ್ಲಿ.’

ಕೆಲವು ವರ್ಷ ಹಾಗೇ ನಡೆಯಿತು. ಆಮೇಲೆ ಒಂದು ಚಳಿಗಾಲದಲ್ಲಿ ಎದೆಯ ಕಾಯಿಲೆಯಿಂದ ಅಜ್ಜ ಹೋದರು. ಅದು ನಿಮಗೆ ಗೊತ್ತಿರುವ ಕಥೆ. ಗೊತ್ತಿಲ್ಲದ್ದು ಇಷ್ಟು: ಮಣ್ಣು ಮಾಡಿದ ಮೇಲಿನ ಸೋಮವಾರ ಆ ಫೋನ್ ಮತ್ತೆ ರಿಂಗಾಯಿತು. ನಾನೇ ಎತ್ತಿದೆ. ‘ತಾಟು ಬಂತೇನ್ರಿ?’ ಎಂದಳು. ನನಗೆ ಮಾತು ಹೊರಡಲಿಲ್ಲ. ಅವಳೂ ಮತ್ತೇನೂ ಕೇಳಲಿಲ್ಲ, ಫೋನ್ ಇಡಲೂ ಇಲ್ಲ.

ಆಮೇಲೆ ಫೋನ್ ಬರಲಿಲ್ಲ. ನಾನು ಮಾಡುವಷ್ಟರಲ್ಲಿ ಆ ನಂಬರ್ ಬಳಕೆಯಲ್ಲಿರಲಿಲ್ಲ. ಎಲ್ಲಿದ್ದಾಳೋ, ಹೇಗಿದ್ದಾಳೋ. ಕೇಸು ಮುಗಿಯಿತು ಎಂದು ಬಿಟ್ಟಳೋ, ಕೇಳಲಾರದೆ ಬಿಟ್ಟಳೋ. ನನ್ನ ಅನುಮಾನದ ಬುದ್ಧಿ ಇವತ್ತಿಗೂ ಎರಡನ್ನೂ ತೂಗುತ್ತಲೇ ಇರುತ್ತದೆ.

ಈಗ ನನಗೂ ಸಕ್ಕರೆ ಕಾಯಿಲೆ. ಹೋದ ವಾರ ಆಸ್ಪತ್ರೆಯ ಕಡೆಯಿಂದ ವಿಚಾರಿಸಲು ಒಬ್ಬ ಹುಡುಗಿ ಬಂದಿದ್ದಳು. ಗುಳಿಗಿ ತಗೋತೀರಾ, ಊಟ ಮಾಡ್ತೀರಾ ಎಂದು ಕೇಳಿದಳು. ಹ್ಞೂಂ ಎಂದೆ. ‘ಎಲ್ಲಾ ಸರಿ ಐತ್ರಿ ಅಮ್ಮ’ ಎಂದು ಚಪ್ಪಲಿ ಮೆಟ್ಟಿಕೊಂಡಳು. ಅವಳು ಓಣಿ ದಾಟಿ ಹೋದ ಮೇಲೂ ನಾನು ಬಾಗಿಲಲ್ಲೇ ನಿಂತಿದ್ದೆ, ಇನ್ನೊಂದು ಪ್ರಶ್ನೆ ಕೇಳಲು ತಿರುಗಿ ಬಂದಾಳೆಂದು.

ಈ ಹಾಳೆಗಳನ್ನು ಎಲ್ಲೋ ಟ್ರಂಕಿನ ತಳದಲ್ಲಿ ಹಾಕಬೇಡಿರಿ ಮಕ್ಕಳೇ. ಅಡುಗೆಮನೆಯಲ್ಲಿ, ತಾಟು ಜೋಡಿಸುವ ಗೂಡಿನಲ್ಲಿ, ನೀರು ಸಿಡಿಯದ ಮೂಲೆ ನೋಡಿ ಇಡಿರಿ.