ಯಾವುದನ್ನೂ ಮುಟ್ಟದ ಕೋಣೆ

ಗಿರ್ರೆಂದು ಶುರುವಾಗುತ್ತದೆ. ಹಲಗೆಯ ತುದಿ ಬಾಯಿಗೆ ಸಿಕ್ಕೊಡನೆ ಕೆರಳುತ್ತದೆ. ಹಲಗೆ ಆಚೆ ದಾಟಿದ ಮೇಲೆ, ಸಿಟ್ಟಿಳಿದವರ ಹಾಗೆ, ಮೆಲ್ಲಗೆ ತಗ್ಗುತ್ತದೆ. ಹಲಗೆ ಹೆರೆಯುವ ಯಂತ್ರದ ಈ ಸದ್ದು ಬೀದಿಯವರಿಗೆ ರೂಢಿಯಾಗಿ ಎಷ್ಟೋ ಕಾಲವಾಗಿದೆ. ಅದು ನಿಂತರೇ ಅವರಿಗೆ ಗಾಬರಿ. ಒಮ್ಮೆ ಮೇಸ್ತ್ರಿಗೆ ಜ್ವರ ಬಂದು ಯಂತ್ರ ಸುಮ್ಮನಿದ್ದಾಗ ಎದುರುಮನೆಯ ಕೂಸು ನಿದ್ದೆ ಬಾರದೆ ಮಧ್ಯಾಹ್ನವಿಡೀ ಅತ್ತಿತಂತೆ.

ಮೇಸ್ತ್ರಿಗೆ ಬೇರೆ ಹೆಸರಿದೆ. ಆದರೆ ಎಲ್ಲರ ಬಾಯಲ್ಲೂ ಅವರು ಬಿಗಿ ಮೇಸ್ತ್ರಿ. ಅವರು ಮಾಡಿದ ಕುರ್ಚಿ ಕಿರುಗುಟ್ಟುವುದಿಲ್ಲ, ಕಪಾಟು ಅಲ್ಲಾಡುವುದಿಲ್ಲ, ಮಂಚ ಯಾರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಎರಡು ಮರಗಳು ಒಮ್ಮೆ ಕೂಡಿದವೆಂದರೆ ಆಮೇಲೆ ಅವನ್ನು ಬೆಂಕಿಯೇ ಬಿಡಿಸಬೇಕು ಎಂಬುದು ಅವರ ಮತ. ಮಾಡಿ ಮುಗಿಸಿದ ಯಾವುದೇ ಸಾಮಾನಿನ ಮೇಲೆ ಅಂಗೈ ಇಟ್ಟು ಒಮ್ಮೆ ನೂಕಿ ನೋಡುವರು. ಅದು ನಕ್ಕರೆ, ಅಂದರೆ ಕೊಂಚ ಅಲುಗಿದರೆ, ಬಿಚ್ಚಿ ಮತ್ತೆ ಮಾಡುವರು.

ಮನೆಯ ಮುಂದೆ ಮರಗೆಲಸದ ಷೆಡ್ಡು, ಹಿಂದೆ ವಾಸ. ಹೀಗಾಗಿ ಗಂಡಹೆಂಡಿರ ಸಂಸಾರವೆಲ್ಲ ಕೂಗಿನಲ್ಲೇ ನಡೆದಿತ್ತು. ಊಟಕ್ಕೆ ಬನ್ನಿ ಎನ್ನುವುದೂ ಕೂಗು, ಮಗಳಿಗೆ ಹೆಣ್ಣು ಮಗು ಹುಟ್ಟಿತಂತೆ ಎನ್ನುವುದೂ ಕೂಗು. ಕೂಗಿ ಹೇಳಲಾಗದ ಮಾತುಗಳನ್ನು ಅವರು ಕಣ್ಣಲ್ಲೋ ಕೈಸನ್ನೆಯಲ್ಲೋ ಮುಗಿಸುತ್ತಿದ್ದರು.

ಮೇಸ್ತ್ರಿಯ ತಾಯಿಗೆ ಕೊನೆಗಾಲದಲ್ಲಿ ಕಣ್ಣು ಹೋಯಿತು. ಆಗ ಸೊಸೆ ಅತ್ತೆಯ ಕಿವಿಗೆ ಬಾಯಿ ಹಚ್ಚಿ ಓದತೊಡಗಿದರು: ಮೊದಲು ದಿನಪತ್ರಿಕೆ, ಆಮೇಲೆ ಕಥೆ, ಆಮೇಲೆ ಗ್ರಂಥಾಲಯದಲ್ಲಿ ಸಿಕ್ಕಿದ್ದೆಲ್ಲ. ಅತ್ತೆ ತೀರಿಕೊಂಡ ಮೇಲೂ ಆಕೆಗೆ ಗಟ್ಟಿಯಾಗಿ ಓದುವ ಅಭ್ಯಾಸ ಹೋಗಲಿಲ್ಲ. ಕೇಳುವವರಿಲ್ಲದೆ, ಔಷಧದ ಡಬ್ಬಿಯ ಮೇಲೆ ಬರೆದದ್ದನ್ನಾದರೂ ಒಬ್ಬರೇ ಓದಿಕೊಳ್ಳುವರು. ಕಣ್ಣು ಕಾಣದ ಮಕ್ಕಳಿಗಾಗಿ ಪುಸ್ತಕಗಳನ್ನು ಧ್ವನಿಯಲ್ಲಿ ಮಾಡಿಕೊಡುವ ಸಂಸ್ಥೆಯೊಂದಿದೆ ಎಂದು ತಿಳಿದಾಗ ತಮ್ಮ ದನಿಯನ್ನು ಫೋನಿನಲ್ಲಿ ತುಂಬಿ ಕಳಿಸಿದರು. ಸಂಸ್ಥೆ ಅವರಿಗೊಂದು ದಪ್ಪ ಪುಸ್ತಕ ಕೊಟ್ಟಿತು. ಮರಗಳ ಬದುಕಿನ ಬಗ್ಗೆ.

ಆಕೆ ಬೀರುವಿನ ಬಟ್ಟೆಗಳ ನಡುವೆ ತಲೆಯಿಟ್ಟು, ಮೇಲೊಂದು ರಜಾಯಿ ಹೊದ್ದು, ಬೆವರು ಸುರಿಸುತ್ತ ಮೊದಲ ಅಧ್ಯಾಯ ಓದಿ ಕಳಿಸಿದರು. ಸಂಸ್ಥೆಯಲ್ಲಿ ಧ್ವನಿ ಪರೀಕ್ಷಿಸುವ ಮೇಡಂ, ತಾವೂ ಕಣ್ಣು ಕಾಣದವರು, ಫೋನು ಮಾಡಿದರು.

"ಎಷ್ಟು ಚೆನ್ನಾಗಿ ಓದ್ತೀರಮ್ಮ. ಆದ್ರೆ ನಿಮ್ಮ ಹಿಂದೆ ಯಾರೋ ಮರ ಕೊಯ್ತಾ ಇದ್ದಾರೆ. ಮರಗಳ ಪುಸ್ತಕದಲ್ಲಿ ಅದು ಚೆನ್ನಾಗಿರಲ್ಲ."

ಮತ್ತೆ ಓದಿ ಕಳಿಸಿದ್ದೂ ವಾಪಸಾಯಿತು. ಶಾಲೆ ತೆರೆಯುವ ಹೊತ್ತಿಗೆ ಪುಸ್ತಕ ಮಕ್ಕಳ ಕೈ ಸೇರಬೇಕು, ಇನ್ನೊಂದು ಸಲ ನೋಡೋಣ, ಆಗದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದರು ಮೇಡಂ. ಮೇಸ್ತ್ರಿ ಯಂತ್ರ ನಿಲ್ಲಿಸಿ ನೋಡಿದರು. ಅದು ಸುಮ್ಮನಾದದ್ದೇ ತಡ, ಅದರಡಿಯಲ್ಲಿ ಅಡಗಿದ್ದ ಸದ್ದುಗಳೆಲ್ಲ ಎದ್ದುಬಂದವು: ಪಕ್ಕದ ಮನೆಯ ಕುಕ್ಕರು, ಬೀದಿಯ ಹಾರನ್ನು, ಯಾರದೋ ಜಗಳ. ಆ ಹೊತ್ತಿನಲ್ಲೇ, ಯಂತ್ರ ನಿಂತಿದ್ದರಿಂದಲೇ, ಹೆಂಡತಿ ಒಳಗೆ ತಮ್ಮನ ಜೊತೆ ಫೋನಿನಲ್ಲಿ ಆಡಿದ ಮಾತು ಮೇಸ್ತ್ರಿಯ ಕಿವಿಗೆ ಬಿತ್ತು.

"ಹೋಗ್ಲಿ ಬಿಡೋ. ಯಾರೋ ಒಬ್ರು ಓದಿದ್ರೆ ಆಯ್ತು. ಮಕ್ಕಳಿಗೆ ಪುಸ್ತಕ ಸಿಕ್ಕಿದ್ರೆ ಸಾಕಲ್ವಾ?"

ಅತ್ತಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದರೇನೋ. ಆಕೆ ನಗುತ್ತ ಹೇಳಿದ್ದರು. ಮೇಸ್ತ್ರಿ ಎದ್ದುಹೋಗಿ ಹಿತ್ತಲ ಕಡೆಗಿದ್ದ ಕೋಣೆಯಿಂದ ಮರದ ತುಂಡುಗಳನ್ನು ಹೊರಗೆ ಸಾಗಿಸತೊಡಗಿದರು.

ಬಾಮೈದ ಸಭೆ ಸಮಾರಂಭಗಳಿಗೆ ಮೈಕು ಕಟ್ಟುವವನು. ಸದ್ದಿನ ಜಾತಕ ಬಲ್ಲವನು. ಬಂದವನೇ ಖಾಲಿ ಕೋಣೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದ. ಚಪ್ಪಾಳೆ ಗೋಡೆಗೋಡೆಗೆ ಬಡಿದು ಚೂರಾಗುವುದನ್ನು ಕೇಳಿ ತಲೆಯಾಡಿಸಿದ.

"ಭಾವ, ಇದು ಪೆಟ್ಟಿಗೆ ಒಳಗೊಂದು ಪೆಟ್ಟಿಗೆ. ಈ ಹಳೇ ಗೋಡೆಗಳ ಒಳಗೆ ಹೊಸ ಕೋಣೆ. ಎರಡೂ ಒಂದನ್ನೊಂದು ಮುಟ್ಟಬಾರದು."

"ಮುಟ್ಟದೆ ಹೇಗೋ ನಿಲ್ಲುತ್ತೆ?"

"ಕೆಳಗೆ ದಪ್ಪ ರಬ್ಬರ್ ತುಂಡು ಇಡ್ತೀವಿ. ಅದರ ಮೇಲೆ ನಿಲ್ಲುತ್ತೆ. ಮಿಕ್ಕಿದ್ದೆಲ್ಲ ಗಾಳಿ."

"ಗೋಡೆಗೆ ಒಂದು ಮೊಳೆ?"

"ಇಲ್ಲ."

"ಮೇಲೆ ಚಾವಣಿಗಾದ್ರೂ?"

"ಅದೂ ಇಲ್ಲ ಭಾವ. ಸದ್ದು ಅನ್ನೋದು ಕಳ್ಳ. ಒಂದು ಮೊಳೆ ಸಿಕ್ಕಿದ್ರೆ ಅದರ ಮೇಲೇ ನಡ್ಕೊಂಡು ಒಳಗೆ ಬರುತ್ತೆ."

"ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದ್ರೆ ಸಾಕು ಅಂತಾರಲ್ಲೋ?" ಎಂದರು ಅವನ ಅಕ್ಕ.

"ಅಕ್ಕ, ಮೊಟ್ಟೆ ಟ್ರೇ ಇರೋದು ಮೊಟ್ಟೆ ಇಡೋಕೆ. ನಿನ್ನ ಗಂಡನ ಯಂತ್ರ ತಡೆಯೋಕೆ ಭಾರ ಬೇಕು. ಭಾರ, ಆಮೇಲೆ ಗಾಳಿ, ಮತ್ತೆ ಭಾರ. ಇನ್ನೊಂದು ಮಾತು ಭಾವ, ಎದುರುಬದುರು ಗೋಡೆ ಸರಿಸಮ ಇದ್ರೆ ಒಳಗೆ ದನಿ ಚೆಂಡಿನ ಹಾಗೆ ಪುಟಿಯುತ್ತೆ. ಸ್ವಲ್ಪ ಸೊಟ್ಟ ಮಾಡ್ಬೇಕು."

ಮೇಸ್ತ್ರಿಯ ಕೈಯಲ್ಲಿದ್ದ, ಮೂಲೆ ನೇರವಿದೆಯೇ ಎಂದು ನೋಡುವ ಮೂಲೆಮಟ್ಟ ಕೆಳಗಿಳಿಯಿತು. "ನನ್ನ ಜೀವಮಾನದಲ್ಲಿ ನಾನು ಸೊಟ್ಟ ಮಾಡ್ಕೊಂಡಿದ್ದು ಒಂದೇ ಕಣೋ. ನಿಮ್ಮನೆ ಅಳಿಯ ಆಗಿದ್ದು."

"ಅದನ್ನೂ ಬಿಚ್ಚಿ ಮತ್ತೆ ಮಾಡೋಕಾಗುತ್ತಾ ನೋಡಿ," ಎಂದು ಹೆಂಡತಿ ಒಳಗೆ ಹೋದರು.

ಕೆಲಸ ಶುರುವಾಯಿತು. ನೆಲದ ಮೇಲೆ ರಬ್ಬರು, ರಬ್ಬರಿನ ಮೇಲೆ ತೊಲೆ, ತೊಲೆಯ ಮೇಲೆ ಹಲಗೆಯ ನೆಲ. ಆ ನೆಲದಿಂದಲೇ ಗೋಡೆಗಳ ಚೌಕಟ್ಟು ಎದ್ದಿತು, ಆ ಗೋಡೆಗಳ ಮೇಲೆಯೇ ಅದರ ಸ್ವಂತ ಚಾವಣಿ ಕೂತಿತು. ಹಳೆಯ ಗೋಡೆಗೂ ಹೊಸದಕ್ಕೂ ನಡುವೆ ಅಂಗೈ ತೂರುವಷ್ಟು ಸಂದು. ಗಾಳಿ ಒಳಗೆ ಬರಲು ಒಂದು ಅಂಕುಡೊಂಕು ಪೆಟ್ಟಿಗೆ; ಅದರೊಳಗೆ ತಿರುಗಿ ತಿರುಗಿ ಗಾಳಿ ಬಂದು ಸೇರುತ್ತದೆ, ಸದ್ದು ಮಾತ್ರ ಸುಸ್ತಾಗಿ ದಾರಿಯಲ್ಲೇ ಕೂರುತ್ತದೆ. ಬಾಗಿಲು ಎರಡು, ಒಂದರ ಹಿಂದೊಂದು. ಸೂಜಿ ಹೋಗುವ ತೂತಿದ್ದರೂ ಆನೆ ನುಗ್ಗುತ್ತದೆ ಎಂದು ಬಾಮೈದ ಹೆದರಿಸಿದ್ದರಿಂದ ಮೇಸ್ತ್ರಿ ಪ್ರತಿ ಅಂಚಿಗೂ ಪಟ್ಟಿ ಕೊಟ್ಟು, ಬೆರಳಿಂದ ಸವರಿ ಸವರಿ ಮುಚ್ಚಿದರು. ಗೋಡೆಗಳನ್ನು ಸೊಟ್ಟ ಮಾಡುವಾಗ ಮಾತ್ರ ಯಾರೂ ನೋಡದಿರಲಿ ಎಂದು ಕದ ಹಾಕಿಕೊಂಡರಂತೆ.

ಚೌಕಟ್ಟಿನ ಹೊಟ್ಟೆಗೆ ಸದ್ದು ಹೀರುವ ಉಣ್ಣೆ ತುಂಬಿ, ಮೇಲೆ ಭಾರದ ಹಲಗೆಗಳನ್ನು ಎರಡು ಪದರ ಹೊಡೆಯುವುದು ಬಾಕಿಯಿತ್ತು. ಬಾಮೈದ ಯಾವುದೋ ಸಮಾರಂಭಕ್ಕೆ ಹೋಗಿದ್ದ. ಮೇಸ್ತ್ರಿ ಒಬ್ಬರೇ ಇದ್ದಾಗ, ಅಭ್ಯಾಸಬಲದಿಂದ, ಚೌಕಟ್ಟಿನ ಮೇಲೆ ಅಂಗೈ ಇಟ್ಟು ನೂಕಿದರು.

ಕೋಣೆ ನಕ್ಕಿತು.

ದೋಣಿಯಂತೆ ಒಂದೇ ಒಂದು ಎಳೆಯಷ್ಟು ಅತ್ತ ಹೋಗಿ ಇತ್ತ ಬಂತು. ಇದರೊಳಗೆ ತನ್ನವಳು ಕೂರಬೇಕು. ತಲೆಯ ಮೇಲೆ ಅಷ್ಟು ಭಾರದ ಚಾವಣಿ. ಮೇಸ್ತ್ರಿ ಷೆಡ್ಡಿಗೆ ಹೋಗಿ ಇದ್ದುದರಲ್ಲೇ ಗಟ್ಟಿಯಾದ ಮರದ ಬೆಣೆಗಳನ್ನು ಕೆತ್ತಿ ತಂದು, ಮೇಲಿನ ಮೂಲೆಗಳಲ್ಲಿ ಹಳೆಯ ಗೋಡೆಗೂ ಚೌಕಟ್ಟಿಗೂ ನಡುವಿನ ಸಂದಿಗೆ ಅಂಟು ಹಚ್ಚಿ ಹೊಡೆದರು. ಮತ್ತೆ ನೂಕಿದರು. ಕೋಣೆ ಕಲ್ಲಿನಂತೆ ನಿಂತಿತು. ಆಮೇಲೆ ನೆಮ್ಮದಿಯಿಂದ ಹಲಗೆ ಹೊಡೆದು ಮುಚ್ಚಿದರು.

ಪರೀಕ್ಷೆಯ ದಿನ ಗಂಡಹೆಂಡಿರು ಒಳಗೆ ಕೂತರು. ಬಾಮೈದ ಷೆಡ್ಡಿನಲ್ಲಿ ಯಂತ್ರ ಚಾಲೂ ಮಾಡಿ ಹಲಗೆ ನೂಕಿದ. ಸದ್ದು ಬಂದೇಬಿಟ್ಟಿತು. ಇರುವೆಯಷ್ಟು ಚಿಕ್ಕದು, ಆದರೆ ಕೈಕಾಲೆಲ್ಲ ಇದ್ದ ಅದೇ ಸದ್ದು. ಹೆಂಡತಿ ಪುಸ್ತಕವನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡರು.

ಬಾಮೈದ ಯಂತ್ರವನ್ನು ಓಡಲು ಬಿಟ್ಟು ಬಂದ. ವೈದ್ಯರು ಎದೆ ನೋಡುವ ಹಾಗೆ ಗೋಡೆಗೆ ಕಿವಿ ಹಚ್ಚಿ, ಸರಿದು, ಮತ್ತೆ ಹಚ್ಚಿ, ಕೊನೆಗೆ ಏಣಿ ಹತ್ತಿ ಮೇಲಿನ ಮೂಲೆಯಲ್ಲಿ ನಿಂತ.

"ಭಾವ, ಗೋಡೆಗೂ ಕಿವಿ ಇರುತ್ತೆ ಅಂತ ಕೇಳಿದ್ದೆ. ಈ ಗೋಡೆಗೆ ಬಾಯೂ ಇದೆ. ಇಲ್ಲೇನು ಇಟ್ಟಿದ್ದೀರ?"

ಮೇಸ್ತ್ರಿ ನೆಲ ನೋಡಿದರು. ಹೆಂಡತಿಗೆ ಅರ್ಥವಾಯಿತು.

"ಬಿಗಿ ಮಾಡಿದ್ರಾ?"

"ಸ್ವಲ್ಪ."

"ಎಷ್ಟು ಸ್ವಲ್ಪ?"

"ಅಲ್ಲಾಡ್ತಿತ್ತು ಕಣೇ. ನೀನು ಕೂರೋ ಜಾಗ. ಮೇಲೆ ಬಿದ್ರೆ?"

"ಇಷ್ಟು ವರ್ಷ ನೀವು ಬಿಗಿ ಮಾಡಿದ ಮನೇಲೇ ಇದ್ದೀನಲ್ಲ. ಇದೊಂದು ಅಲ್ಲಾಡ್ಲಿ ಬಿಡ್ರೀ."

ಹೊಸದಾಗಿ ಹೊಡೆದ ಹಲಗೆಗಳನ್ನು ಮೇಸ್ತ್ರಿ ತಾವೇ ಬಿಚ್ಚಿದರು. ಬೆಣೆಗಳು ಬರಲಿಲ್ಲ. ಬಿಗಿ ಮೇಸ್ತ್ರಿಯ ಕೆಲಸ ಎಂಥದ್ದೆಂದು ಬಿಗಿ ಮೇಸ್ತ್ರಿಗೇ ಅಂದು ಗೊತ್ತಾಯಿತು. ಉಳಿ ಹಿಡಿದು ಚೂರುಚೂರಾಗಿ ಕೆತ್ತಿ ತೆಗೆಯಬೇಕಾಯಿತು. ತಮ್ಮ ಕೈಗೆ ತಾವೇ ಬಯ್ದುಕೊಳ್ಳುತ್ತ ಕೆತ್ತಿದರು. "ಭಾವ, ನಿಮ್ಮನ್ನ ನೀವೇ ಮೀರಿಸ್ಬೇಕು," ಎಂದು ಕೆಳಗಿನಿಂದ ಏಣಿ ಹಿಡಿದವನು ಹುರಿದುಂಬಿಸಿದ. ಕೊನೆಯ ಬೆಣೆಯ ಕೊನೆಯ ಚೂರು ಉದುರಿದ ಮೇಲೆ ಮೇಸ್ತ್ರಿ ಸಂದಿನೊಳಗೆ ಅಂಗೈ ತೂರಿಸಿ, ಸುತ್ತಲೂ ಸರಿಸುತ್ತ ಹೋದರು. ಎಲ್ಲೂ ತಡೆಯಿಲ್ಲ. ತಣ್ಣನೆಯ ಗಾಳಿಯಷ್ಟೆ. ಆಮೇಲೆ ಚೌಕಟ್ಟನ್ನು ನೂಕಿದರು. ಅದು ಅಲುಗಿತು, ತನ್ನ ಜಾಗಕ್ಕೆ ತಾನೇ ಮರಳಿತು. ಇನ್ನೊಮ್ಮೆ ನೂಕಿದರು. ಮತ್ತೆ ಮರಳಿತು. ಯಾರೂ ಹಿಡಿದಿರಲಿಲ್ಲ, ಆದರೂ ಅದು ಎಲ್ಲಿಗೂ ಹೋಗಲಿಲ್ಲ.

ಹಲಗೆಗಳು ಮತ್ತೆ ಏರಿದ ಮೇಲೆ ಗಂಡಹೆಂಡಿರು ಒಳಗೆ ಹೋಗಿ ಎರಡೂ ಬಾಗಿಲು ಹಾಕಿಕೊಂಡರು. ಕಾದರು. ಮೇಸ್ತ್ರಿಗೆ ತಾಳ್ಮೆ ಕೆಟ್ಟಿತು.

"ಏನು ಮಾಡ್ತಿದ್ದಾನೆ ನಿನ್ನ ತಮ್ಮ? ಇನ್ನೂ ಚಾಲೂನೇ ಮಾಡಿಲ್ಲ."

ಎದ್ದು ಒಂದು ಬಾಗಿಲು ತೆರೆದರು, ಇನ್ನೊಂದನ್ನು ತೆರೆದರು. ಯಂತ್ರದ ಆರ್ಭಟ ಎದೆಗೇ ಬಂದು ಗುದ್ದಿತು. ಬಾಗಿಲು ಹಾಕಿದರು. ಇಲ್ಲ. ತೆರೆದರು. ಆರ್ಭಟ. ಹಾಕಿದರು. ಇಲ್ಲ. ಅಷ್ಟು ದೊಡ್ಡ ಪ್ರಾಣಿ ಎಲ್ಲಿಗೆ ಹೋಗುತ್ತದೆ? ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಆ ನಗು ಮೇಸ್ತ್ರಿಗೆ ಕೇಳಿಸಿತು. ಸೆರಗು ತುಟಿಗೆ ತಾಕಿದ ಸದ್ದೂ ಕೇಳಿಸಿತು.

ಅವರು ಕೂತರು. ತಮ್ಮ ತೋಳು ಅಂಗಿಗೆ ಉಜ್ಜುವುದು ಕೇಳಿಸಿತು. ಗಂಟಲಿನಲ್ಲಿ ಎಂಜಲು ಇಳಿಯುವುದು ಕೇಳಿಸಿತು. ಇನ್ನೂ ಸುಮ್ಮನಾದಾಗ, ಎಲ್ಲೋ ಆಳದಲ್ಲಿ, ತಪ್ಪದೆ ಬಡಿಯುವ ಏನೋ ಒಂದು. ಗೋಡೆಯ ಕಡೆ ತಿರುಗಿ ಹುಡುಕಿದರು. ಅದು ಗೋಡೆಯಲ್ಲಿರಲಿಲ್ಲ, ಅವರ ಎದೆಯೊಳಗಿತ್ತು. ಇಷ್ಟು ವರ್ಷ ಅದು ಕೆಲಸ ಮಾಡುತ್ತಲೇ ಇದ್ದಿರಬೇಕು, ಒಂದು ದಿನವೂ ರಜೆಯಿಲ್ಲದೆ. ಅವರು ವಿಚಾರಿಸಿಯೇ ಇರಲಿಲ್ಲ.

ಹೆಂಡತಿ ಪುಸ್ತಕ ತೆರೆದು ಓದಿದರು. ಬೀಜವೊಂದು ನೆಲದಡಿಯಲ್ಲಿ ಕಾಯುವುದರ ಬಗ್ಗೆ. ಕೂಗಲಿಲ್ಲ. ಕೂಗಬೇಕಾಗಿರಲಿಲ್ಲ. ಆ ದನಿ ಕೆಳದನಿ, ಅಂಚಿನಲ್ಲಿ ಕೊಂಚ ಒರಟು, ಹೊಸದಾಗಿ ಹೆರೆದ ಹಲಗೆಯ ಮೇಲೆ ಅಂಗೈ ಎಳೆದ ಹಾಗೆ.

"ನಿನ್ನ ದನಿ ಹೀಗಿದೆಯಾ?" ಎಂದರು ಮೇಸ್ತ್ರಿ.

"ಮತ್ತೆ ಹೇಗಿತ್ತು ಅಂದುಕೊಂಡಿದ್ರಿ?"

"ಕೂಗಿನ ಹಾಗಿತ್ತು."

ಆಕೆ ಕಣ್ಣೊರೆಸಿಕೊಂಡು, "ಸುಮ್ನಿರಿ, ಅದೂ ರೆಕಾರ್ಡ್ ಆಗ್ತಿದೆ," ಎಂದರು.

ಅಧ್ಯಾಯ ಹೋಯಿತು. ಉತ್ತರ ಬರುವವರೆಗೆ ಆಕೆ ಆ ಕೋಣೆಯೊಳಗೆ ಕಾಲಿಡಲಿಲ್ಲ. ಫೋನು ಬರಲಿಲ್ಲ. ಒಂದು ಬೆಳಿಗ್ಗೆ ಸಂಸ್ಥೆಯ ಮೇಡಂ ತಾವೇ ಕೋಲು ಹಿಡಿದು ಮನೆಗೆ ಬಂದರು.

"ನಿಮ್ಮದು ಹಚ್ಚಿದಾಗ ನನ್ನ ಕಂಪ್ಯೂಟರ್ ಕೆಟ್ಟಿದೆ ಅಂದುಕೊಂಡೆ," ಎಂದರು ಬಾಗಿಲಲ್ಲೇ ನಿಂತು. "ಏನೂ ಇರಲಿಲ್ಲ. ಆಮೇಲೆ ನೀವು ಉಸಿರು ಎಳ್ಕೊಂಡ್ರಿ. ನನ್ನ ಪಕ್ಕದಲ್ಲೇ ಕೂತಿದ್ದೀರೇನೋ ಅಂತ ಕೈ ಚಾಚಿದೆ ಅಮ್ಮ. ಪುಸ್ತಕ ನಿಮ್ಮದೇ. ಪೂರ್ತಿ ಓದಿ."

ಆಕೆ ಮೇಡಂ ಕೈ ಹಿಡಿದುಕೊಂಡು, ನೀರು ತರಬೇಕೆಂಬುದನ್ನೂ ಮರೆತು, "ಹಾಗಾದ್ರೆ ಓದ್ಲಾ? ಈಗಲೇ?" ಎಂದು ಕೇಳಿ ಕೋಣೆಯೊಳಗೆ ಹೋಗಿಬಿಟ್ಟರು.

ಬಾಮೈದ ಈ ನಡುವೆ ಕೋಣೆಯಿಂದ ಒಂದು ತಂತಿ ಎಳೆದು, ಹೊರಗೆ ಸ್ಟೂಲಿನ ಪಕ್ಕ ಹೆಡ್‌ಫೋನು ನೇತುಹಾಕಿದ್ದ. ಮೇಡಂ ಕೋಣೆಯ ಬಾಗಿಲ ಅಂಚನ್ನು ಬೆರಳಿನಿಂದ ಓದುತ್ತ ಮೇಸ್ತ್ರಿಯನ್ನು ಕೇಳಿದರು: "ನಮ್ಮ ಸಂಸ್ಥೆಗೂ ಇಂಥದ್ದೊಂದು ಬೇಕಲ್ಲ ಮೇಸ್ತ್ರಿ. ಇದು ಯಾವ ಮರ? ಇಷ್ಟು ಭಾರ ಇದ್ರೂ ಹಗುರ ತಿರುಗುತ್ತಲ್ಲ, ಹೇಗೆ ಕೂರಿಸಿದ್ರಿ?"

ಇಂಥ ಪ್ರಶ್ನೆಗಾಗಿ ಮೇಸ್ತ್ರಿ ಹುಟ್ಟಿನಿಂದ ಕಾದಿದ್ದರು ಎನ್ನಬೇಕು. ಕೈ ಒರೆಸಿಕೊಂಡು ಹತ್ತಿರ ಬಂದರು. "ಅದೇನಂದ್ರೆ ಮೇಡಂ, ಬಾಗಿಲು ಒಂದಲ್ಲ, ಎರಡು. ಮೊದಲ್ನೇದು ಮುಚ್ಚಿದಾಗ ನಡುವೆ ಇರೋ ಗಾಳಿ ಇದೆಯಲ್ಲ, ಅದು..."

ಹೆಡ್‌ಫೋನಿನಿಂದ, ಯಾರ ಕಿವಿಯ ಮೇಲೂ ಇಲ್ಲದೆ, ಹುಳದಷ್ಟು ಸಣ್ಣಗೆ ಓದು ಶುರುವಾಯಿತು. ಎರಡನೆಯ ಅಧ್ಯಾಯ. ಕತ್ತಲೆಯಲ್ಲಿ ಬೇರು ನೀರನ್ನು ಹೇಗೆ ಹುಡುಕುತ್ತದೆ ಎಂಬುದು. ಅಷ್ಟು ಮರ ಕೊಯ್ದ ಮೇಸ್ತ್ರಿಗೆ ಅದು ಗೊತ್ತಿರಲಿಲ್ಲ.

"ಗಾಳಿ?" ಎಂದು ಕೇಳಿದರು ಮೇಡಂ. "ಗಾಳಿ ಏನು ಮಾಡುತ್ತೆ ಮೇಸ್ತ್ರಿ?"

ಮೇಸ್ತ್ರಿ ಆಗಲೇ ಸ್ಟೂಲಿನ ಕಡೆಗೆ ನಡೆದುಬಿಟ್ಟಿದ್ದರು.