ಹೆಸರಿಟ್ಟವಳ ಬೆನ್ನು

ನಮ್ಮ ಜೆ.ಪಿ. ನಗರದಲ್ಲಿ ಬೆಳಗ್ಗೆ ವಾಕಿಂಗ್ ಹೊರಟವರು ನೆಲ ನೋಡಿಕೊಂಡು ನಡೆಯುವುದೇ ಕ್ಷೇಮ ಎಂಬುದು ಮೂಳೆ ವೈದ್ಯರೂ ಫುಟ್‌ಪಾತಿನ ಕಲ್ಲುಚಪ್ಪಡಿಗಳೂ ಸೇರಿ ಕೈಗೊಂಡಿರುವ ಸರ್ವಾನುಮತದ ನಿರ್ಣಯ. ಆದರೂ ನಾನು ಗೇಟುಗಳ ಪಕ್ಕದ ಗ್ರಾನೈಟ್ ಫಲಕಗಳಲ್ಲಿ ಕೆತ್ತಿಸಿದ ಮನೆಗಳ ಹೆಸರುಗಳನ್ನು ಓದಿಕೊಂಡೇ ನಡೆಯುತ್ತೇನೆ. ಆ ಕಾರಣಕ್ಕೆ ಒಂದೆರಡು ಸಲ ಎಡವಿಯೂ ಇದ್ದೇನೆ. ಒಂದೇ ಅಡ್ಡರಸ್ತೆಯಲ್ಲಿ ಮೂರು ‘ಮಾತೃಕೃಪಾ’ಗಳು. ಎದುರಿಗೆ ಒಂದು ಗಿಡದ ನೆರಳೂ ಇಲ್ಲದೆ ಧಗಧಗಿಸುವ ‘ಪಿತೃಛಾಯಾ’. ಮೂಲೆಯ ‘ರಾಜಲಕ್ಷ್ಮಿ’ ದೇವಿಯ ಹೆಸರಲ್ಲ, ರಾಜಣ್ಣ ಮತ್ತು ಲಕ್ಷ್ಮಮ್ಮ ಎಂಬ ದಂಪತಿಗಳ ಸಂಧಿಕಾರ್ಯ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಇಷ್ಟೊಂದು ಹೆಸರುಗಳು ಇಷ್ಟು ನಿರಾತಂಕವಾಗಿ ಕಲ್ಲೇರಿದ್ದಕ್ಕೆ ನನಗೆ ತೋಚುವ ಕಾರಣ ಒಂದೇ: ಮನೆಗೆ ಹೆಸರಿಡುವಾಗ ಇಬ್ಬರೇ ಇರುತ್ತಾರೆ, ಆ ಇಬ್ಬರಲ್ಲೂ ಒಬ್ಬರು ಸುಮ್ಮನಿರುತ್ತಾರೆ. ನೂರು ಜನ ಸೇರಿ ಒಂದು ಹೆಸರಿಡಲು ಹೊರಟರೆ ಏನಾಗುತ್ತದೆಂದು ತಿಳಿಯಬೇಕಾದರೆ ನೀವು ನನ್ನನ್ನು ಕೇಳಬೇಕು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತಷ್ಟೆ. ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದು ಮನೆಯಲ್ಲಿ ಕೂತಿದ್ದ ನಾನು, ಆಗಿನ ಪದ್ಧತಿಯಂತೆ ಒಂದು ಕಂಪ್ಯೂಟರ್ ಕೊಂಡು, ಹಾಲಿನ ಮೂಲೆಯಲ್ಲಿ ಸ್ಥಾಪಿಸಿ, ಹಳೆಯ ಕರ್ಟನ್ನಿನ ಬಟ್ಟೆಯಲ್ಲಿ ಗವಸು ಹೊಲಿಸಿ ಹೊದಿಸಿದ್ದೆ. ನನ್ನ ಇನ್ನೊಂದು ಹವ್ಯಾಸ ತಾರಸಿಯ ಮೇಲಿನ ಕುಂಡಗಳು. ಅದನ್ನು ಹತ್ತಿಸಿದವರು ಹಿಂದಿನ ರಸ್ತೆಯ ಪದ್ಮಕ್ಕ. ನನಗಿಂತ ಹತ್ತು ವರ್ಷ ದೊಡ್ಡವರಾದ ಅವರು, ದೊಡ್ಡಪತ್ರೆಯಂಥ ಚಿರಂಜೀವಿ ಗಿಡವನ್ನೂ ಸಾಯಿಸಬಲ್ಲ ನನ್ನ ಕೈಯಲ್ಲಿ ಗುಲಾಬಿ ಅರಳಿಸಿದ ಮಹಾತಾಯಿ. ಅಮ್ಮ ತೀರಿಕೊಂಡ ವರ್ಷ ಅಡುಗೆಮನೆಗೂ ಕಾಲಿಡದೆ ಕೂತಿದ್ದ ನನ್ನನ್ನು ಕೈಹಿಡಿದು ಮಹಡಿ ಹತ್ತಿಸಿ, ಮಣ್ಣು ಕಲಸು ಎಂದವರು ಅವರು. ಅಕ್ಕ ಇಲ್ಲದ ನನಗೆ ಅವರೇ ಅಕ್ಕ. ಈ ಮಾತನ್ನು ಅವರೆದುರು ಒಮ್ಮೆಯೂ ಹೇಳಿರಲಿಲ್ಲ, ಹೇಳದಿದ್ದರೂ ಗೊತ್ತಿರುತ್ತದೆಂದು ನಂಬಿದ್ದೆ.

ಕಂಪ್ಯೂಟರೂ ಕುಂಡವೂ ಸೇರಿ ಹುಟ್ಟಿದ್ದು ನಮ್ಮ ಇಂಟರ್‌ನೆಟ್ ಬಳಗ. ಜಯನಗರ, ಜೆ.ಪಿ. ನಗರ, ಬನಶಂಕರಿಯ ಗಿಡಪ್ರಿಯರು, ಬಿ.ಟಿ.ಎಂ.ನ ಕೆಲವು ಬಾಲ್ಕನಿವಾಸಿಗಳು, ಹೀಗೆ ಹೆಚ್ಚುಕಡಿಮೆ ನೂರು ಜನ ಸೇರಿಕೊಂಡರು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತಿದ್ದ ಕಾಲ ಅದು. ಒಬ್ಬರ ದಾಸವಾಳಕ್ಕೆ ಹತ್ತಿದ ಬಿಳಿಹುಳದ ವಾರ್ತೆ ಓದಲು ಎರಡು ಸಲ ಗಟ್ಟಿಯಾಗಿ ಉಚ್ಚರಿಸಬೇಕಿತ್ತು. ಬಳಗವನ್ನು ನಡೆಸಲು ಒಬ್ಬ ಮಾಡರೇಟರ್ ಬೇಕೆಂದಾಗ ಎಲ್ಲರೂ ನನ್ನತ್ತ ನೋಡಿದರು. ಕಾರಣ ನನ್ನ ಯೋಗ್ಯತೆಯಲ್ಲ, ಬಿಡುವು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದುಕೊಂಡು ನಾನೂ ಒಪ್ಪಿದೆ.

ವ್ಯವಸ್ಥೆಯಲ್ಲಿ ನನಗೆ ಬ್ಯಾಂಕಿನಿಂದ ಬಂದ ವಿಪರೀತ ಶ್ರದ್ಧೆ. ಚರ್ಚೆಗಳನ್ನು ಹೂವು, ತರಕಾರಿ, ರೋಗ-ರುಜಿನ ಎಂದು ಮೂರು ವೇದಿಕೆಗಳಾಗಿ ವಿಂಗಡಿಸಿದೆ. ಉಳಿದ ಮಾತಿಗಿರಲಿ ಎಂದು ‘ಹರಟೆ’ ಎಂಬ ನಾಲ್ಕನೆಯದನ್ನೂ ತೆರೆದೆ. ಒಂದು ತಿಂಗಳಲ್ಲಿ ಇಡೀ ಬಳಗ ಹರಟೆಗೆ ವಲಸೆ ಹೋಗಿ, ಹೂವು-ತರಕಾರಿಗಳು ಮದುವೆ ಮುಗಿದ ಛತ್ರದಂತಾದವು. ಟೊಮೆಟೊ ರೋಗವನ್ನೂ ಹರಟೆಯಲ್ಲೇ ತೋಡಿಕೊಂಡು, ಜೊತೆಗೆ ಇದನ್ನು ಏಳು ಮಂದಿಗೆ ಕಳಿಸದಿದ್ದರೆ ಅನಿಷ್ಟ ಎಂಬ ಓಲೆಗಳನ್ನೂ ಅಂಟಿಸುತ್ತಿದ್ದರು. ನಾನು ದಿನವಿಡೀ ಒಂದೊಂದು ಮಾತನ್ನೂ ಎತ್ತಿ ಅದರ ಸ್ವಸ್ಥಾನದಲ್ಲಿ ಇಡುತ್ತಿದ್ದೆ. ಆಗ ನೆಟ್ಟಿಗೆ ಕೂತರೆ ಫೋನು ಎಂಗೇಜು. ನನ್ನ ಯಜಮಾನರ ಬಂಧುಬಳಗವೆಲ್ಲ ಆ ವರ್ಷ ನಮ್ಮೊಂದಿಗೆ ಸಂಪರ್ಕ ಕಳೆದುಕೊಂಡಿತು.

ಇಂತಿರುವಲ್ಲಿ ಬಳಗಕ್ಕೊಂದು ಮಾಸಿಕ ವಾರ್ತಾಪತ್ರ ಬೇಕೆಂದು ಯಾರಿಗೋ ತೋಚಿತು. ಬರೆಯುವವರು ಸಿಗಲಿಲ್ಲ, ಹೆಸರಿಡುವವರು ಧಾರಾಳವಾಗಿ ಸಿಕ್ಕರು. ‘ಹಸಿರು ತೋರಣ’, ‘ಚಿಗುರು’, ‘ತಾರಸಿ ತರಂಗ’ ಎಂದು ಏಳೆಂಟು ಸೂಚನೆಗಳು ಬಂದವು. ಪದ್ಮಕ್ಕನವರದು ‘ಕೈತೋಟ’. ಬನಶಂಕರಿ ಎರಡನೆಯ ಹಂತದ ನಿವೃತ್ತ ಎಂಜಿನಿಯರ್ ಶ್ಯಾಮರಾಯರದು ‘ಕುಂಡಲಿನಿ’: ಕುಂಡದಲ್ಲಿ ಸುಪ್ತವಾಗಿರುವ ಬೀಜಶಕ್ತಿಯ ಊರ್ಧ್ವಗಮನವೇ ತೋಟಗಾರಿಕೆ ಎಂದು ಅವರ ವ್ಯಾಖ್ಯಾನ. ವ್ಯಾಖ್ಯಾನಕ್ಕೇ ನಿಂತಿದ್ದರೆ ಚೆನ್ನಿತ್ತು. ‘ಕೈತೋಟ’ವು ನಾಲ್ಕನೆಯ ತರಗತಿಯ ಪಠ್ಯಪುಸ್ತಕದಲ್ಲಿ ಶೋಭಿಸುವ ಹೆಸರು ಎಂದೂ ಅವರು ಒಂದು ಸಾಲು ಸೇರಿಸಿಬಿಟ್ಟರು.

ಪದ್ಮಕ್ಕನಿಗೆ ಟೈಪಿಂಗ್ ಬಾರದು. ಅವರು ಹೇಳಿದ್ದನ್ನು ಸೊಸೆ ಕುಟ್ಟಿ ಕಳಿಸುತ್ತಿದ್ದಳು. ಆ ದಿನ ಬಂದ ಉತ್ತರ ಎಂಥದೆಂದರೆ, ಸೊಸೆ ಎಷ್ಟು ಮೆದುಮಾಡಿದ್ದರೂ ಶ್ಯಾಮರಾಯರ ಊರ್ಧ್ವಗಮನವನ್ನು ಅಲ್ಲಿಗೇ ಮುಗಿಸುವಂತಿತ್ತು. ಜಗಳದ ಸುಳಿವು ಕಂಡ ಮಾತುಗಳು ಮಾಡರೇಟರ್ ಒಪ್ಪಿಗೆ ಕೊಡುವ ತನಕ ಹೊರಗೆ ಕಾಯಬೇಕೆಂದು ನಾನೇ ನಿಯಮ ಮಾಡಿದ್ದೆ. ಒಪ್ಪಿಗೆ ಕೊಟ್ಟರೆ ರಾಯರಿಗೆ ನೋವು, ತಿರಸ್ಕರಿಸಿದರೆ ಅಕ್ಕನಿಗೆ ನೋವು. ಆದ್ದರಿಂದ ನಮ್ಮ ಕಡೆಯವರಿಗೆ ಹುಟ್ಟಿನಿಂದ ಬಂದ ಮಧ್ಯಮಮಾರ್ಗ ಹಿಡಿದು ಏನೂ ಮಾಡದೆ ಸುಮ್ಮನಿದ್ದೆ. ಯಂತ್ರಕ್ಕೆ ದಾಕ್ಷಿಣ್ಯವೆಂದರೆ ಗೊತ್ತಿಲ್ಲ. ಎರಡು ವಾರ ಕಾದು, ಅದು ತಾನೇ ಆ ಮಾತನ್ನು ಮಾಡರೇಟರ್ ತಿರಸ್ಕರಿಸಿದ್ದಾರೆಂಬ ಷರಾದೊಂದಿಗೆ, ಕೆಳಗೆ ನನ್ನ ಹೆಸರು ಹಚ್ಚಿ ಅಕ್ಕನ ಮನೆಗೆ ವಾಪಸು ಕಳಿಸಿತು.

ಮಧ್ಯಾಹ್ನ ಫೋನು ಬಂತು. “ವತ್ಸಲಾ, ನನ್ ಮನೇಲೇ ಇಷ್ಟು ವರ್ಷದಲ್ಲಿ ಯಾರೂ ನನ್ ಮಾತನ್ನ ಬಾಗಿಲಲ್ಲಿ ನಿಲ್ಸಿಲ್ಲ. ನೀನು ನಿಲ್ಸಿದ್ದೀಯ. ಇರ್ಲಿ ಬಿಡು,” ಎಂದು ಫೋನಿಟ್ಟರು. ಯಂತ್ರದ ನಡವಳಿಕೆಯನ್ನು ವಿವರಿಸಲು ಮನೆಗೆ ಹೋದರೆ, ಅಮ್ಮ ಮಲಗಿದ್ದಾರೆ ಎಂದು ಸೊಸೆ ನೆಲ ನೋಡುತ್ತ ಹೇಳಿದಳು. ಪದ್ಮಕ್ಕ ಹಗಲು ಮಲಗುವವರಲ್ಲ. ಆಮೇಲಿನ ವಾರಗಳಲ್ಲಿ ಹಾಲಿನ ಬೂತಿನಲ್ಲಿ ಎದುರಾದರೆ, ಊಟವಾಯಿತೇ ಎಂಬಷ್ಟು ಮಾತ್ರ ಕೇಳಿ ಮುಂದೆ ಸಾಗುತ್ತಿದ್ದರು. ಬೈದಿದ್ದರೆ ಸಹಿಸಬಹುದಿತ್ತು, ಈ ಸೌಜನ್ಯವನ್ನು ಸಹಿಸಲಾಗಲಿಲ್ಲ. ಮಹಡಿ ಹತ್ತಿದರೆ ಒಂದೊಂದು ಗಿಡವೂ ಅವರು ಕೊಟ್ಟ ಕಡ್ಡಿಯಿಂದ ಬಂದದ್ದೇ, ಅವುಗಳ ಮುಖ ನೋಡುವುದೂ ಕಷ್ಟವಾಯಿತು. ಒಂದು ಕಾಗದಕ್ಕೆ ಹೆಸರಿಡುವ ಗಡಿಬಿಡಿಯಲ್ಲಿ ನಾನು ಅಕ್ಕನನ್ನು ಕಳೆದುಕೊಂಡಿದ್ದೆ.

ಬೇಗ ಮುಗಿಸಿಬಿಡೋಣವೆಂದು ಬಳಗದ ಪುಟದಲ್ಲಿ ಮತದಾನ ಏರ್ಪಡಿಸಿದೆ. ಅಷ್ಟರಲ್ಲಿ ಹೊರಗೆ ಪ್ರಚಾರ ಭರ್ಜರಿಯಾಗಿ ನಡೆದಿತ್ತು. ನಮ್ಮ ಬಳಗದ ವೈಶಿಷ್ಟ್ಯವೆಂದರೆ, ಪರದೆಯ ಮೇಲೆ ಜಗಳವಾಡಿದವರೆಲ್ಲ ಸಂಜೆ ಒಂದೇ ಪಾರ್ಕಿನಲ್ಲಿ, ಒಂದೇ ತರಕಾರಿ ಗಾಡಿಯ ಮುಂದೆ ಸಿಗುವವರು. ಹಾಗಾಗಿ ಪ್ರತಿಯೊಬ್ಬರೂ ಸಿಕ್ಕ ಪ್ರತಿಯೊಬ್ಬರಿಗೂ, “ನಿಮ್ದೇ ಸಖತ್ತಾಗಿದೆ ಸಾರ್, ನನ್ ವೋಟು ನಿಮ್ಗೇ,” ಎಂದು ಮಾತು ಕೊಟ್ಟಿದ್ದರು. ನಾನು ಮತದಾನದ ಪುಟ ತಯಾರಿಸುವಾಗ ಟಿಕ್ ಹಾಕಬೇಕಾದ ಎರಡು ಚೌಕಗಳನ್ನು ಗಮನಿಸದೆ ಬಿಟ್ಟಿದ್ದೆ. ಒಬ್ಬರು ಎಷ್ಟು ಹೆಸರಿಗೆ ಬೇಕಾದರೂ ಮತ ಹಾಕಬಹುದಿತ್ತು; ಯಾರು ಯಾವುದಕ್ಕೆ ಹಾಕಿದರೆಂಬುದು ಎಲ್ಲರಿಗೂ ಕಾಣುತ್ತಿತ್ತು.

ಬೇರೆ ಯಾವ ಊರಿನಲ್ಲಾದರೂ ಇದರಿಂದ ಹೊಡೆದಾಟವಾಗುತ್ತಿತ್ತೇನೋ. ನಮ್ಮಲ್ಲಿ ಆದದ್ದೇ ಬೇರೆ. ಕೊಟ್ಟ ಮಾತು ತಪ್ಪಿದ್ದು ಕಾಣಿಸಿಬಿಡುತ್ತದಲ್ಲ ಎಂಬ ಸಂಕೋಚಕ್ಕೆ ಎಲ್ಲರೂ ಎಲ್ಲ ಹೆಸರಿಗೂ ಮತ ಹಾಕಿದ್ದರು. ಫಲಿತಾಂಶ ತೆರೆದು ನೋಡಿದರೆ, ಪ್ರತಿ ಹೆಸರಿನ ಮುಂದೆಯೂ ಅದೇ ಸಂಖ್ಯೆ. ಪ್ರಜಾಪ್ರಭುತ್ವ ನಮ್ಮ ದಾಕ್ಷಿಣ್ಯದ ಮುಂದೆ ಮಂಡಿಯೂರಿ ಕೂತಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು: ‘ಕುಂಡಲಿನಿ’ಯ ಕೆಳಗೆ ಪದ್ಮಕ್ಕನ ಹೆಸರು, ‘ಕೈತೋಟ’ದ ಕೆಳಗೆ ಶ್ಯಾಮರಾಯರ ಹೆಸರು. ಅಷ್ಟು ಸಿಟ್ಟಿನಲ್ಲೂ ಇಬ್ಬರಿಗೂ ಇನ್ನೊಬ್ಬರನ್ನು ಬಿಡಲು ಮನಸ್ಸು ಬಂದಿರಲಿಲ್ಲ.

ಇನ್ನೇನು ಎಲ್ಲ ತಿಳಿಯಾಯಿತೆಂದು ನಾನು ಹಿಗ್ಗಿದೆ. ತಿಳಿಯಾದದ್ದು ಅವರಿಬ್ಬರ ನಡುವೆ ಮಾತ್ರ. ರಾಯರು ಪದ್ಮಕ್ಕನ ಮನೆಗೆ ಹೋಗಿ ಕಾಫಿ ಕುಡಿದು ಬಂದರಂತೆ. ಮಾಡರೇಟರ್ ಸ್ವಲ್ಪ ಜವಾಬ್ದಾರಿಯಿಂದ ನಡೆದುಕೊಂಡಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲವೆಂದು ಇಬ್ಬರೂ ಒಮ್ಮತಕ್ಕೆ ಬಂದರಂತೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ, ಇಲ್ಲಿ ಪಂಚಾಯಿತಿಗೆ ಕೂತವಳು ಬಡವಾಗಿದ್ದೆ.

ಆ ಸ್ಥಿತಿಯಲ್ಲಿ ನನಗೆ ಫೋನು ಮಾಡಿದವಳು ಸುವರ್ಣಾ. ಗದಗಿನ ಕಡೆಯ ಹುಡುಗಿ, ಬಿ.ಟಿ.ಎಂ.ನಲ್ಲಿ ಬಾಡಿಗೆಗಿದ್ದು ಆಫೀಸೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಬಾಲ್ಕನಿಯಲ್ಲಿ ಮೆಂತ್ಯ, ಮೆಣಸಿನಕಾಯಿ ಬೆಳೆಯುತ್ತಿದ್ದಳು, ವಾರಕ್ಕೊಮ್ಮೆ ಸೈಬರ್ ಸೆಂಟರಿನಿಂದ ಬಳಗವನ್ನು ಓದುತ್ತಿದ್ದಳು. ಎಲ್ಲರಿಗೂ ಸಮಸಮ ಬಂದಿದ್ದನ್ನು ಕಂಡು ಅವಳಿಗೆ ನಗು ತಡೆಯಲಾಗಿರಲಿಲ್ಲ.

“ಮೇಡಂ, ನಮ್ಮ ಕಡೆ ಇದಕ್ಕ ಇಷ್ಟ್ ತಲಿ ಕೆಡಿಸ್ಕೊಳ್ಳಂಗಿಲ್ರಿ. ಕೂಸಿಗೆ ಹೆಸರಿಡಾಕಿ ಸೋದರತ್ತಿ. ಆಕಿ ಕೂಸಿನ ಕಿವ್ಯಾಗ ಹೇಳಿದ್ದ ಹೆಸರು. ಹೇಳಿದ ಕೂಡ್ಲೆ ಅಲ್ಲಿ ಕುಂತ ಹೆಣ್ಮಕ್ಕಳೆಲ್ಲಾ ಆಕಿ ಬೆನ್ನಿಗೆ ಗುದ್ತಾರ. ಹೆಸರು ಮನಸ್ಸಿಗೆ ಬರಲಾರದಾಕಿ ಇನ್ನೊಂಚೂರು ಜೋರ ಗುದ್ತಾಳ, ಅಷ್ಟ. ಅಲ್ಲಿಗೆ ಮುಗೀತು.”

“ನಮ್ಮಲ್ಲಿ ಸೋದರತ್ತೆ ಯಾರಮ್ಮ?” ಎಂದೆ.

“ಯಾರಂದ್ರ? ನೀವ ರೀ.”

ಮುಂದಿನ ಭಾನುವಾರ ಮಧ್ಯಾಹ್ನ ಬಳಗದವರಿಗೆಲ್ಲ ಅವಳ ಮನೆಗೇ ಕರೆ. ಬಿ.ಟಿ.ಎಂ.ನ ಎರಡನೆಯ ಮಹಡಿಯ ಆ ಪುಟ್ಟ ಮನೆಗೆ ಇಪ್ಪತ್ತಕ್ಕೂ ಮಿಕ್ಕಿ ಜನ ಬಂದು, ಅರ್ಧ ಮಂದಿ ಮೆಟ್ಟಿಲ ಮೇಲೆ ಕೂತರು. ಪದ್ಮಕ್ಕನೂ ಸೊಸೆಯೊಂದಿಗೆ ಬಂದರು, ನನ್ನಿಂದ ಎಷ್ಟು ದೂರ ಕೂರಲು ಆ ಕೋಣೆಯಲ್ಲಿ ಸಾಧ್ಯವೋ ಅಷ್ಟು ದೂರ ಕೂತರು. ಕಿಟಕಿಯ ಸರಳಿಗೆ ಇಳಕಲ್ ಸೀರೆಯೊಂದನ್ನು ತೊಟ್ಟಿಲಿನಂತೆ ಕಟ್ಟಿ, ಅದರೊಳಗೆ ನಮ್ಮ ವಾರ್ತಾಪತ್ರದ ಮೊದಲ ಸಂಚಿಕೆಯನ್ನು ಮಲಗಿಸಲಾಗಿತ್ತು: ಎರಡೇ ಹಾಳೆ, ಮೇಲೆ ಹೆಸರಿನ ಜಾಗ ಖಾಲಿ. ಗಂಡಸರಿಗೂ ಗುದ್ದುವ ಅವಕಾಶವುಂಟೇ ಎಂದು ಶ್ಯಾಮರಾಯರು ವಿಚಾರಿಸಿದರು. ಇಲ್ಲವೆಂದು ತಿಳಿದು, ನಿರಾಶೆಯನ್ನು ಶೇಂಗಾ ಚಟ್ನಿಯಲ್ಲಿ ಅದ್ದಿ ರೊಟ್ಟಿಯೊಂದಿಗೆ ನುಂಗಿದರು.

ನಾನು ತೊಟ್ಟಿಲ ಬಳಿ ಬಗ್ಗಿದೆ. ಏಳೆಂಟು ಹೆಸರುಗಳಲ್ಲಿ ಒಂದನ್ನು ಆರಿಸಿ ಬಂದಿದ್ದೆ. ಯಾವುದೆಂದು ಈಗ ಹೇಳುವುದಿಲ್ಲ, ಅವರವರ ಸಂತೋಷ ಅವರವರಿಗಿರಲಿ. ಆದರೆ ಬಗ್ಗಿದ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಯಾರೂ ಸೂಚಿಸದ ಹೆಸರು. ಪ್ರತಿ ಬೆಳಗ್ಗೆ ಹಾಲು ತಂದು ಹಿಂದಿರುಗುವಾಗ ಪದ್ಮಕ್ಕ ನಮ್ಮ ಗೇಟಿನ ಹೊರಗಿನಿಂದಲೇ ನೀರು ಹಾಕಿದ್ಯಾ ಎಂದು ಕೂಗಿ, ಉತ್ತರಕ್ಕೆ ಕಾಯದೆ ಹೋಗುತ್ತಿದ್ದರು. ಆರು ವರ್ಷ ದಿನವೂ ಕೇಳಿದ್ದ ಆ ಕೂಗು ನಿಂತು ಹೋಗಿ, ನನಗೆ ಬೆಳಗೇ ಆಗುತ್ತಿರಲಿಲ್ಲ. ನಾನು ಆ ಹಾಳೆಗಳ ಕಿವಿಯಲ್ಲಿ ಹೇಳಿದೆ. ಕೇಳಿಸಲಿಲ್ಲ, ಜೋರಾಗಿ ಹೇಳಿ ಎಂದಳು ಸುವರ್ಣಾ. ಜೋರಾಗಿ ಹೇಳಿದೆ: “ನೀರು ಹಾಕಿದ್ರಾ?”

ಮೆಟ್ಟಿಲ ಮೇಲಿನಿಂದ ಯಾರೋ, ಇದೂ ಒಂದು ಹೆಸರಾ ಎಂದರು. ಇನ್ಯಾರೋ, ಅದನ್ನೇ ಅಲ್ವಾ ನಾವು ದಿನಾ ಕೇಳೋದು ಎಂದು ನಕ್ಕರು. ಮರುಕ್ಷಣ ಹೆಂಗಸರೆಲ್ಲ ನನ್ನನ್ನು ಮುತ್ತಿಕೊಂಡರು. ‘ಚಿಗುರು’, ‘ಹಸಿರು ತೋರಣ’, ‘ತಾರಸಿ ತರಂಗ’ ಒಂದೊಂದಾಗಿ ನನ್ನ ಬೆನ್ನ ಮೇಲೆ ಬಿದ್ದವು. ಬಿದ್ದಷ್ಟೂ ಜನ ನಗುತ್ತಿದ್ದರು, ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದ ಬಿಗಿ ಸಡಿಲುತ್ತಿತ್ತು. ಎಲ್ಲರಿಗೂ ಒಪ್ಪುವ ಹೆಸರನ್ನು ಹುಡುಕುವುದೇ ನನ್ನ ಕೆಲಸವೆಂದು ಅಷ್ಟು ದಿನ ಒದ್ದಾಡಿದ್ದೆ. ಯಾರಾದರೊಬ್ಬರು ಒಂದು ಹೆಸರಿಟ್ಟು, ಉಳಿದವರ ಅಸಮಾಧಾನಕ್ಕೆ ಬೆನ್ನು ಕೊಟ್ಟರೆ ಸಾಕಿತ್ತು.

ಗುದ್ದುಗಳು ಮುಗಿದವೆಂದು ನಾನು ನೆಟ್ಟಗಾಗುವಷ್ಟರಲ್ಲಿ ಇನ್ನೊಂದು ಬಿತ್ತು. ಉಳಿದವುಗಳ ಹಾಗೆ ಶಾಸ್ತ್ರಕ್ಕೆ ಬಿದ್ದದ್ದಲ್ಲ. ಮಣ್ಣು ಕಲಸಿ, ಕುಂಡ ಹೊತ್ತು ಗಟ್ಟಿಯಾದ ಕೈ. ಎರಡು ತಿಂಗಳ ಸಿಟ್ಟೆಲ್ಲ ಅದರಲ್ಲಿತ್ತು. ಕಣ್ಣಲ್ಲಿ ನೀರು ಬಂತು, ಪೆಟ್ಟಿಗೋ ಬೇರೆಯದಕ್ಕೋ ಹೇಳಲಾರೆ. ತಿರುಗಿ ನೋಡುವ ಅಗತ್ಯವಿರಲಿಲ್ಲ.

“ನೋವಾಯ್ತಾ?” ಎಂದರು ಪದ್ಮಕ್ಕ.

“ಆಯ್ತು ಅಕ್ಕ.”

“ಆಗ್ಲಿ.”

ಹಾಗೆಂದರೂ ಕೈಯನ್ನು ತೆಗೆಯಲಿಲ್ಲ. ಅದು ನನ್ನ ಬೆನ್ನ ಮೇಲೇ ಸುಮಾರು ಹೊತ್ತು ಇತ್ತು. ಇನ್ನೊಂದು ಗುದ್ದಿದ್ದರೂ ನಾನು ಬೇಡವೆನ್ನುತ್ತಿರಲಿಲ್ಲ.